ತಂಗೆವ್ವನ ಮನೆಗೆ ಬಂದ ಗುಂಡಿನ ಪೆಟ್ಟಿಗೆ

ನೇಸರಗಿಯ ಮಹಾಂತಪ್ಪನ ಮನೆಗೆ ಹೆಣ್ಣು ನೋಡಲು ಬಂದವರು ಕಣ್ಣೊರೆಸಿಕೊಳ್ಳುತ್ತ ಎದ್ದು ಹೋದರು.

ಶ್ರಾವಣ ಮುಗಿದಿತ್ತು, ಮಳೆ ಮುಗಿದಿರಲಿಲ್ಲ. ನೀರು ಒಳಗೆ ಇಳಿಯಬಾರದೆಂದು ಮಾಳಿಗೆಯ ಬೆಳಕಿಂಡಿಗೆ ಕಲ್ಲು ಮುಚ್ಚಿದ್ದರು. ಒಳಗೆ ಮಹಾಂತಪ್ಪನ ಹೆಂಡತಿ ಚನ್ನವ್ವ ಹಸಿ ಕಟ್ಟಿಗೆಯನ್ನು ಒಲೆಗೆ ತುರುಕಿ ಊದುತ್ತಿದ್ದಳು. ಊದುವುದು, ಕೆಮ್ಮುವುದು, ಮತ್ತೆ ಊದುವುದು. ಪಕ್ಕದಲ್ಲಿ ಮಗಳು ಬಾಯವ್ವ ಚಹಾ ಕಾಯಿಸುತ್ತಿದ್ದಳು. ಹೊಗೆಗೆ ಹೊರಗೆ ಹೋಗಲು ದಾರಿ ಸಿಗಲಿಲ್ಲ. ಅದು ಅಡುಗೆಮನೆಯನ್ನು ತುಂಬಿಕೊಂಡು ಪಡಸಾಲೆಗೆ ಬಂದು ಬೀಗರ ಜೊತೆ ಕುಳಿತಿತು.

ಸಂಪಗಾಂವದಿಂದ ಬಂದಿದ್ದವರು ವರ ಸಂಗಪ್ಪ, ಅವನ ಸೋದರತ್ತೆ ರಾಚವ್ವ ಮತ್ತು ಒಬ್ಬ ಹಿರಿಯರು.

"ಈ ಸಲ ಮಳಿ ಚಲೋ ಆತ ನೋಡ್ರಿ," ಎಂದು ಹಿರಿಯರು ಕೆಮ್ಮಿದರು.

"ಹೌದ್ರಿ, ಚಲೋ ಆತು," ಎಂದು ಮಹಾಂತಪ್ಪನೂ ಕೆಮ್ಮಿದ.

ಅಲ್ಲಿಂದಾಚೆ ಮಾತು ಕಡಿಮೆ, ಕೆಮ್ಮು ಹೆಚ್ಚು.

ಅಷ್ಟರಲ್ಲಿ ಬಾಯವ್ವ ಚಹಾದ ತಟ್ಟೆ ಹಿಡಿದು ಬಂದಳು. ಕಣ್ಣು ಕೆಂಡದಂತೆ ಕೆಂಪಗಾಗಿದ್ದವು. ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು. ರಾಚವ್ವ ಹೆದರಿಬಿಟ್ಟಳು.

"ಯಾಕವಾ, ಹಿಂಗ್ಯಾಕ ಅಳಾಕ ಹತ್ತೀ? ನಿನಗ ಈ ಸೋಯರಿಕಿ ಮನಸ್ಸಿಗೆ ಬಂದಿಲ್ಲೇನ?"

"ಹೊಗಿರೀ..." ಎಂದಳು ಬಾಯವ್ವ. ಹೊಗೆಯ ದೆಸೆಯಿಂದ ಕಣ್ಣಲ್ಲಿ ನೀರು ಎಂದು ಹೇಳಬೇಕೆಂದಿದ್ದಳು. ಆದರೆ ನಡುವೆ ಕೆಮ್ಮು ಬಂತು. ರಾಚವ್ವನಿಗೆ ಕೇಳಿಸಿದ್ದು "ಹೋಗ್ರೀ" ಎಂದು.

"ಕೇಳಿದಿರಿಲ್ಲೋ? ಹುಡಿಗಿ ಬಾಯಿಬಿಟ್ಟು ಹೋಗ್ರಿ ಅಂದ್ಲು! ಏಳ ಸಂಗಪ್ಪಾ. ಮನಸ್ಸಿಲ್ಲದ ಹುಡಿಗೀನ ತರೂದು ಪಾಪ."

ಮಹಾಂತಪ್ಪ ಹಿಂದೆ ಓಡಿದ. ಅವನ ಕಣ್ಣಲ್ಲೂ ನೀರಿತ್ತು. ಅದನ್ನು ನೋಡಿ ರಾಚವ್ವನ ಅನುಮಾನ ಇನ್ನೂ ಗಟ್ಟಿಯಾಯಿತು. ಬಸ್ಸು ಹತ್ತಿ ಹೊರಟೇಬಿಟ್ಟರು.

ಬಸ್ಸು ನಿಲ್ಲುವಲ್ಲಿ ಲಗಮಪ್ಪನ ಚಹಾದಂಗಡಿ ಇತ್ತು. ಅವನು ಮಹಾಂತಪ್ಪನ ಶಾಲೆಯ ಗೆಳೆಯ. ದೊಡ್ಡ ಯುದ್ಧದಲ್ಲಿ ಪಲ್ಟನ್ನಿನ ಜೊತೆ ಬರ್ಮಾ ಕಾಡಿನ ತನಕ ಹೋಗಿ, ಸಿಪಾಯಿಗಳಿಗೆ ರೊಟ್ಟಿ ಬೇಳೆ ಬೇಯಿಸಿ ಹಾಕಿ ಬಂದವನು. ಬೀಗರು ಸಿಟ್ಟಿನಿಂದ ಬಸ್ಸು ಹತ್ತಿದ್ದನ್ನು ಅವನು ನೋಡಿದ್ದ. ಸಂಜೆ ಅಂಗಡಿ ಮುಚ್ಚಿ ನೇರ ಗೆಳೆಯನ ಮನೆಗೆ ಬಂದ. ನಡೆದದ್ದನ್ನೆಲ್ಲ ಕೇಳಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಒಳಗೆ ಕೆಮ್ಮುತ್ತಿದ್ದ ಚನ್ನವ್ವನ ಕಡೆ ನೋಡಿ ನಗು ನಿಲ್ಲಿಸಿದ.

"ವೈನಿ, ಈ ಕೆಮ್ಮು ಯಾವಾಗಿಂದ ಐತ್ರಿ?"

"ಲಗ್ನ ಆಗಿ ಈ ಮನೀಗಿ ಬಂದಾಗಿಂದ," ಎಂದಳು ಚನ್ನವ್ವ.

"ಕೇಳಿದೇನ ಮಹಾಂತಾ? ನಿಮ್ಮ ಒಲೀಗೆ ಬಾಯಿ ಐತಿ, ಮೂಗಿಲ್ಲ. ಉರಿ ಒಳಗ ಹೋಗತೈತಿ, ಹೊಗಿ ಹೊರಗ ಹೋಗೂದಿಲ್ಲ. ಅದು ಹೋಗೂದು ಇವರ ಎದಿಯೊಳಗ. ನನ್ನ ಹಂತ್ಯಾಕ ಒಂದು ಕಬ್ಬಿಣದ ಪೆಟ್ಟಿಗಿ ಐತಿ. ಅದನ್ನ ಒಲಿ ಮಾಡೂಣು. ಪಲ್ಟನ್‍ದಾಗ ಹಂತಾ ಒಲೀಮ್ಯಾಲೇ ನಾ ಅಡಗಿ ಮಾಡತಿದ್ದೆ."

"ಎಂಥಾ ಪೆಟ್ಟಿಗಿ?" ಎಂದು ಮೂಲೆಯಿಂದ ದನಿ ಬಂತು. ಅದು ಮಹಾಂತಪ್ಪನ ತಾಯಿ ತಂಗೆವ್ವ. ಅವಳಿಗೆ ಕಣ್ಣು ಮಂಜು. ಕಿವಿ ಮಾತ್ರ ಬಹಳ ಚುರುಕು.

"ಬಂದೂಕಿನ ಗುಂಡ ಇಡೂ ಪೆಟ್ಟಿಗಿ, ಯವ್ವಾ. ಬೆಳಗಾಂವ್ಯಾಗ ಪಲ್ಟನ್ನಿನ ಹಳೇ ಸಾಮಾನ ಲಿಲಾವ ಕೂಗಿ ಮಾರೂವಾಗ ತಂದೇನಿ."

ತಂಗೆವ್ವ ಎದ್ದು ನಿಂತಳು. "ಗುಂಡಿನ ಪೆಟ್ಟಿಗಿಮ್ಯಾಲೆ ರೊಟ್ಟಿ ಸುಡೂದ? ಒಲಿ ಹಚ್ಚಿದ ಕೂಡ್ಲೆ ನಮ್ಮ ಮಾಳಗಿ ಸವದತ್ತಿ ಗುಡ್ಡದಮ್ಯಾಲೆ ಹೋಗಿ ಬೀಳತೈತಿ! ನಮ್ಮತ್ತಿ ಇದs ಮಣ್ಣಿನ ಒಲೀಮ್ಯಾಲೆ ಅಡಗಿ ಮಾಡ್ಯಾಳ. ಆಕಿಗೇನಾತು?"

"ಕಡೀಕ ಆಕೀ ಕಣ್ಣು ಕಾಣತಿದ್ದುವೇನ ಯವ್ವಾ?"

ತಂಗೆವ್ವ ಮತ್ತೆ ಕುಳಿತಳು. "ಇಲ್ಲ," ಎಂದಳು. "ನನ್ನ ಕೈಬಳಿ ಸಪ್ಪಳ ಕೇಳಿ ಗುರ್ತ ಹಿಡೀತಿದ್ಲು." ಮರುಕ್ಷಣವೇ ದನಿ ಏರಿಸಿದಳು. "ಆದ್ರೂ ಗುಂಡಿನ ಪೆಟ್ಟಿಗಿ ಬ್ಯಾಡ!"

ಮರುದಿನ ಲಗಮಪ್ಪ ಪೆಟ್ಟಿಗೆ ಹೊತ್ತು ಬಂದಾಗ ತಂಗೆವ್ವ ಹೊಸ್ತಿಲಿಗೆ ಅಡ್ಡಲಾಗಿ ಕುಳಿತಿದ್ದಳು.

"ಒಳಗ ಒಂದರ ಗುಂಡ ಉಳದಿದ್ರ?"

"ಯವ್ವಾ, ನೀ ಕೇಳಿದ್ದು ಖರೇ ಐತಿ. ಎಲ್ಲಾರೂ ಕೇಳಬೇಕಾದ ಮಾತದು," ಎಂದ ಲಗಮಪ್ಪ. ಮುಚ್ಚಳ ತೆಗೆದು ಪೆಟ್ಟಿಗೆಯನ್ನು ಬೋರಲು ಹಾಕಿ ಬಡಿದ. ಒಣಗಿದ ಉಳ್ಳಾಗಡ್ಡಿ ಸಿಪ್ಪೆ ಉದುರಿತು. "ಇದರಾಗ ನಾ ಉಳ್ಳಾಗಡ್ಡಿ ಇಡತಿದ್ದೆ. ಖಾಲಿ ಇದ್ದದ್ದನ್ನ ಕಣ್ಣಾರೆ ನೋಡಿ ತಂದೇನಿ. ಹೊಲದಾಗ ಇಲ್ಲಾ ದಾರ್ಯಾಗ ಸಿಕ್ಕ ಪೆಟ್ಟಿಗಿ ಇದ್ರ ಮುಟ್ಟಬಾರದು. ಪೋಲೀಸ್ರಿಗೆ ಹೇಳಬೇಕು."

ತಂಗೆವ್ವ ಸಿಪ್ಪೆಯನ್ನು ಎತ್ತಿ ಮೂಸಿದಳು. ಉಳ್ಳಾಗಡ್ಡಿಯೇ. ಬೇರೆ ದಾರಿ ಕಾಣದೆ ಎದ್ದು ದಾರಿ ಬಿಟ್ಟಳು.

ಊರ ಕಂಬಾರನನ್ನು ಕರೆಸಿದರು. ಪೆಟ್ಟಿಗೆಯ ಮುಂದಿನ ಮಗ್ಗುಲಿಗೆ ಕಟ್ಟಿಗೆ ಹಾಕಲು ಅಂಗೈ ಅಗಲದ ಬಾಯಿ ಕತ್ತರಿಸಿದ. ಅದರ ಕೆಳಗೆ ಗಾಳಿ ಹೋಗಲು ಸಣ್ಣ ತೂತುಗಳನ್ನು ಕೊರೆದ. ಮುಚ್ಚಳದ ಮೇಲೆ ರೊಟ್ಟಿಯ ಹಂಚು ಕೂರುವಷ್ಟು ಒಂದು ದುಂಡನೆಯ ಕಂಡಿ. ಹಿಂಬದಿಯಲ್ಲಿ ಇನ್ನೊಂದು, ಅದಕ್ಕೆ ತಗಡಿನ ಉದ್ದನೆಯ ಹೊಗೆಗೊಳವೆ ಜೋಡಿಸಿದ. ಮುಚ್ಚಳದ ಅಂಚಿನ ರಬ್ಬರನ್ನು ಲಗಮಪ್ಪ ಚೂರೂ ಉಳಿಯದಂತೆ ಕಿತ್ತ. "ಇದು ಸುಟ್ರ ವಾಸನಿ ಬರತೈತಿ, ವಿಷದ ಹೊಗಿ," ಎಂದ. ಒಳಗೆ ಉರಿ ಬುಡಕ್ಕೆ ಹತ್ತದಂತೆ ಹಂಚಿನ ಚೂರು ಹಾಸಿ ಮಣ್ಣು ಮೆತ್ತಿದ. ಅದರ ಮೇಲೆ ಕಟ್ಟಿಗೆ ಎತ್ತರದಲ್ಲಿ ನಿಲ್ಲಲು ಕಬ್ಬಿಣದ ಸರಳುಗಳನ್ನು ಅಡ್ಡ ಇಟ್ಟ.

"ಅಡಗಿ ಯಾವಾಗ?" ಎಂದು ಚನ್ನವ್ವ ಕೇಳಿದಳು.

"ಇವತ್ತಲ್ಲ, ವೈನಿ. ಮೊದಲ ಅಂಗಳದಾಗ ಬರೇ ಬೆಂಕಿ ಹಾಕಿ ಈ ಹಸರ ಬಣ್ಣ ಸುಡಬೇಕು. ಬಣ್ಣದ ಹೊಗಿ ಕುಡೀಬಾರದು. ಎಲ್ಲಾರೂ ಗಾಳಿಗೆ ಬೆನ್ನಮಾಡಿ ದೂರ ನಿಲ್ರಿ."

"ನಾ ಹೇಳಿದ್ದಿಲ್ಲೇನ," ಎಂದಳು ತಂಗೆವ್ವ, "ಇದರಮ್ಯಾಲಿನ ರೊಟ್ಟಿ ತಿಂದ್ರ ನಾವೂ ಹಸರ ಆಗತೇವಿ ಅಂತ?"

ಗುಂಡಿನ ಪೆಟ್ಟಿಗೆಗೆ ಬೆಂಕಿ ಹಾಕುತ್ತಾರಂತೆ ಎಂಬ ಸುದ್ದಿ ಓಣಿಯೆಲ್ಲ ಹರಡಿತು. ಜನ ಬಂದರು, ಆದರೆ ಅಂಗಳಕ್ಕಲ್ಲ. ಕೆಲವರು ಬಣವೆಯ ಹಿಂದೆ, ಕೆಲವರು ಚಕ್ಕಡಿಯ ಕೆಳಗೆ. ಲಗಮಪ್ಪ ಕಟ್ಟಿಗೆ ತುಂಬಿ ಬೆಂಕಿ ಹಚ್ಚಿದ. ಉರಿ ಕೊಳವೆಯಲ್ಲಿ ಗುಂಯ್ ಎಂದು ಸದ್ದು ಮಾಡುತ್ತ ಏರಿತು. ಬಣ್ಣ ಗುಳ್ಳೆಯೆದ್ದು ಕಪ್ಪಾಯಿತು. "ನೋಡ್ರಿ, ಏನರ ಆತೇನ?" ಎಂದು ಲಗಮಪ್ಪ ಎರಡೂ ಕೈ ಚಾಚಿದ.

ಢಮ್!

ಬಣವೆಯ ಹಿಂದಿನವರು ಹೊಲದತ್ತ ಓಡಿದರು. ಚಕ್ಕಡಿಯ ಕೆಳಗಿದ್ದವರು ಎದ್ದು ತಲೆ ಬಡಿಸಿಕೊಂಡರು. ತಂಗೆವ್ವ ಮಗನ ಹಿಂದೆ ಅಡಗಿದಳು, ಮಗ ಹೆಂಡತಿಯ ಹಿಂದೆ ಅಡಗಿದ. ಕಂಬಾರ ಅಂದು ಮತ್ತೆ ಯಾರಿಗೂ ಕಾಣಿಸಲಿಲ್ಲ.

ಲಗಮಪ್ಪ ಮಾತ್ರ ಇಕ್ಕಳದಿಂದ ಒಂದು ಸೀಳಿದ ತುಂಡನ್ನು ಹೊರಗೆಳೆದ. "ಈ ಬಿದರ ಯಾರ ಹಾಕಿದ್ರೋ ಕಟ್ಟಿಗ್ಯಾಗ?"

ಮಹಾಂತಪ್ಪ ನೆಲ ನೋಡಿದ. ಮುರಿದ ಏಣಿಯ ಬಿದಿರನ್ನು ಅವನೇ ಕಡಿದು ಹಾಕಿದ್ದ.

"ಗಂಟಿನ ನಡುವ ಗಾಳಿ ಇರತೈತಿ, ಕಾದು ಸಿಡೀತೈತಿ. ನಿಮ್ಮ ಮಣ್ಣಿನ ಒಲ್ಯಾಗ ಹಾಕಿದ್ರೂ ಸಿಡೀತಿತ್ತು. ಬಿದರ ಸೀಳಲಾರದs ಯಾವ ಒಲೀಗೂ ಹಾಕಬಾರದು."

ಬಣ್ಣದ ವಾಸನೆ ಪೂರ್ತಿ ಹೋಗುವ ತನಕ ಹೊರಗೇ ಸುಟ್ಟರು. ಆರಿದ ಮೇಲೆ ಬೂದಿಯಿಂದ ತಿಕ್ಕಿದರು. ಆಮೇಲೆ ಅಡುಗೆಮನೆಯಲ್ಲಿ ಕಲ್ಲಿನ ಮೇಲೆ ಕೂರಿಸಿದರು. ಕೊಳವೆಯನ್ನು ಬೆಳಕಿಂಡಿಯಿಂದ ಮೇಲಕ್ಕೆ ಹಾಯಿಸಿ, ಸುತ್ತ ತಗಡು ಹೊದಿಸಿ ಮಣ್ಣು ಮೆತ್ತಿದರು. ತುದಿಗೆ ಮಳೆ ಬೀಳದಂತೆ ಒಂದು ತಗಡಿನ ಟೊಪ್ಪಿಗೆ, ಹೊಗೆ ಹೋಗಲು ಅದರ ಕೆಳಗೆ ಸಂದು.

ಮರುದಿನ ಚನ್ನವ್ವ ಒಣ ಕಟ್ಟಿಗೆ ಹಚ್ಚಿ ರೊಟ್ಟಿ ಬಡಿದಳು. ಊದುವ ಕೊಳವೆ ಗೂಡಿನಲ್ಲೇ ಉಳಿಯಿತು. ಮೊದಲಿಗಿಂತ ಕಡಿಮೆ ಕಟ್ಟಿಗೆಯಲ್ಲಿ ಬುಟ್ಟಿ ತುಂಬಿತು. ಎಲ್ಲರೂ ತಂಗೆವ್ವನ ಬಾಯಿಯನ್ನೇ ನೋಡುತ್ತಿದ್ದರು. ಅವಳು ತುಂಡು ಮುರಿದು ಅಗಿದಳು.

"ಉಪ್ಪ ಕಡಿಮಿ ಆಗೇತಿ."

"ರೊಟ್ಟಿಗಿ ಉಪ್ಪ ಹಾಕೂದಿಲ್ಲಲ್ಲ ಆಯಿ," ಎಂದಳು ಬಾಯವ್ವ.

"ಅದಕ್ಕs ಕಡಿಮಿ ಆಗೇತಿ!"

ಮೂರು ರೊಟ್ಟಿ ತಿಂದು ಎದ್ದಳು, ಆದರೆ ಸೋತೆ ಎನ್ನಲಿಲ್ಲ. ಮಧ್ಯಾಹ್ನ ಅಂಗಳದಲ್ಲಿ ನಿಂತು ಮೇಲೆ ಮುಖ ಮಾಡಿದಳು. ಕೊಳವೆಯ ಬಾಯಿಂದ ಬಿಸಿಗಾಳಿ ಸುಯ್ಯೆಂದು ಹಾರಿಹೋಗುವುದು ಅವಳ ಚುರುಕು ಕಿವಿಗೆ ಕೇಳಿಸಿತು. ಅಷ್ಟು ಶಾಖ ದಂಡವಾಗುತ್ತಿದೆಯಲ್ಲ ಎಂದು ಅವಳ ಜೀವ ಚುಟುಚುಟು ಎಂದಿತು. ಒಲೆ ಆರಿದ ಮೇಲೆ ತಡಕಾಡುತ್ತ ಮೆಲ್ಲಗೆ ಮಾಳಿಗೆ ಹತ್ತಿದಳು. ಹಳೆಯ ಕಂಬಳಿಯ ತುಂಡನ್ನು ಟೊಪ್ಪಿಗೆಯ ಕೆಳಗೆ ಗಟ್ಟಿಯಾಗಿ ತುರುಕಿ ಇಳಿದುಬಂದಳು.

ಮರುದಿನ ಬೆಳಿಗ್ಗೆ ಚನ್ನವ್ವ ಒಲೆ ಹಚ್ಚಿದ್ದೇ ತಡ, ಹೊಗೆಯೆಲ್ಲ ಒಲೆಯ ಬಾಯಿಂದ ತಿರುಗಿ ನುಗ್ಗಿತು. ಬಾಗಿಲ ಬಳಿ ಕುಳಿತಿದ್ದ ತಂಗೆವ್ವನ ಮುಖಕ್ಕೇ ಮೊದಲು ಬಡಿಯಿತು.

"ನೋಡ್ರಿ ನಿಮ್ಮ ಒಲಿ!" ಎಂದು ಕೆಮ್ಮುತ್ತಲೇ ಕೂಗಿದಳು.

ಲಗಮಪ್ಪನನ್ನು ಕರೆತಂದರು. ಅವನು ಮಾಳಿಗೆ ಹತ್ತಿ, ಕಂಬಳಿಯ ತುಂಡು ಹಿಡಿದು ಇಳಿದ. ಕೆಂಪು ಅಂಚಿನ ಕಂಬಳಿ. ಓಣಿಯಲ್ಲಿ ಅಂಥದ್ದು ಇದ್ದದ್ದು ಒಬ್ಬರ ಬಳಿ ಮಾತ್ರ. ಎಲ್ಲರೂ ತಂಗೆವ್ವನ ಕಡೆ ತಿರುಗಿದರು.

"ಗಾಳೀಗೆ ಹಾರಿ ಬಂದಿರಬೇಕು," ಎಂದಳು ತಂಗೆವ್ವ.

ಲಗಮಪ್ಪ ನಗಲಿಲ್ಲ. ಅವಳ ಎದುರು ಕುಳಿತು ಮೆಲ್ಲಗೆ ಹೇಳಿದ. "ಯವ್ವಾ, ಪಲ್ಟನ್‍ದಾಗ ಚಳೀಗಂತ ಒಬ್ಬಾಂವ ಡೇರೆದಾಗ ಒಲಿ ಹಚ್ಚಿ, ಕೊಳವಿ ಮುಚ್ಚಿ ಮಲಗಿದ. ಮುಂಜಾನೆ ನಾ ಚಹಾ ಒಯ್ದೆ. ಎಬ್ಬಿಸಿದ್ರ ಏಳಲಿಲ್ಲ. ಹೊಗೀನೂ ಕಾಣತಿರಲಿಲ್ಲ, ಬರೇ ಕೆಂಡ ಇತ್ತು. ಅದರ ಕಣ್ಣಿಗೆ ಕಾಣದ ವಿಷಗಾಳಿ ಅಂವನ್ನ ಕೊಂದಿತ್ತು. ಕೊಳವಿ ಬಾಯಿ ಮುಚ್ಚೂದಂದ್ರ ಮಲಗಿದವರ ಮೂಗು ಮುಚ್ಚಿದಂಗ."

ತಂಗೆವ್ವ ಕಂಬಳಿಯ ತುಂಡನ್ನು ಅವನ ಕೈಯಿಂದ ಎಳೆದುಕೊಂಡಳು. "ನಾನs ಹಾಕಿದ್ದೆಪಾ," ಎಂದಳು. "ಇನ್ನ ಹಾಕೂದಿಲ್ಲ."

ಹೊಗೆ ಹೊರಗೆ ಹೋದ ಮೇಲೆ ಮತ್ತೆ ಒಲೆ ಹಚ್ಚಿದರು. ತಂಗೆವ್ವ ತಾನಾಗಿಯೇ ಒಳಗೆ ಬಂದು ಸೊಸೆಯ ಪಕ್ಕ ಕುಳಿತಳು. ಹೊಗೆಯಿಲ್ಲದ ಉರಿಯ ಬೆಳಕಿನಲ್ಲಿ ಅವಳ ಮುಖವನ್ನು ಹತ್ತಿರದಿಂದ ಬಹಳ ಹೊತ್ತು ನೋಡಿದಳು.

"ಚನ್ನವ್ವಾ, ನಿನ್ನ ಗದ್ದದಮ್ಯಾಲೆ ಮಚ್ಚಿ ಐತೇನ?"

"ಐತ್ರಿ ಅತ್ತಿ."

"ಯಾವಾಗ ಬಂತು?"

"ಹುಟ್ಟಿದಾಗಿಂದ ಐತ್ರಿ."

ತಂಗೆವ್ವ ಸೆರಗಿನಿಂದ ಸೊಸೆಯ ಹಣೆಯ ಬೆವರು ಒರೆಸಿದಳು.

ಮುಂದಿನ ವಾರ ಮಹಾಂತಪ್ಪ ಸಂಪಗಾಂವಕ್ಕೆ ಹೋಗಿ ರಾಚವ್ವನ ಕಾಲು ಹಿಡಿದ. "ಯಕ್ಕಾರ, ಹುಡಿಗಿ ಅಂದದ್ದು 'ಹೊಗಿರೀ' ಅಂತ್ರಿ, 'ಹೋಗ್ರೀ' ಅಂತಲ್ಲ. ಒಮ್ಮಿ ಬಂದು ನೋಡ್ರಿ."

ರಾಚವ್ವ ಅರ್ಧ ನಂಬಿದಳು. ಉಳಿದರ್ಧ ನೋಡಲು ಸಂಗಪ್ಪನನ್ನು ಕರೆದುಕೊಂಡು ಬಂದಳು. ಪಡಸಾಲೆಯಲ್ಲಿ ಕೂರಲೇ ಇಲ್ಲ, ನೇರ ಅಡುಗೆಮನೆಗೆ ಹೋದಳು. ಮುಚ್ಚಳ ನೋಡಿದಳು, ಬಾಯಿ ನೋಡಿದಳು, ಬಗ್ಗಿ ತೂತುಗಳನ್ನು ನೋಡಿದಳು. ತಂಗೆವ್ವ ಬಿಡುವಿಲ್ಲದೆ ವಿವರಿಸುತ್ತಿದ್ದಳು. "ರಬ್ಬರ ಕೀಳಬೇಕ್ರಿ. ಬಣ್ಣ ಹೊರಗs ಸುಡಬೇಕ್ರಿ. ಕೊಳವಿ ಬಾಯಿ ಮುಚ್ಚಬಾರದ್ರಿ. ಕೆಲವ್ರಿಗೆ ಬುದ್ಧಿ ಇರೂದಿಲ್ಲ, ಕಂಬಳಿ ತುರಕತಾರ!"

ಹೆಣ್ಣು ನೋಡುವುದು ಎಲ್ಲರಿಗೂ ಮರೆತೇಹೋಗಿತ್ತು. ಪಡಸಾಲೆಯಲ್ಲಿ ಸಂಗಪ್ಪ ಒಬ್ಬನೇ ಕುಳಿತಿದ್ದ. ಬಾಯವ್ವ ಚಹಾ ತಂದಳು.

"ಅವತ್ತ ನಾ ನಿಮ್ಮ ಮಾರಿ ನೋಡಿದ್ದಿಲ್ಲ," ಎಂದ ಸಂಗಪ್ಪ. "ಕಣ್ಣs ತೆರೀಲಿಲ್ಲ."

"ನಾನೂ ನಿಮ್ಮನ್ನ ನೋಡಿದ್ದಿಲ್ಲರಿ," ಎಂದಳು ಬಾಯವ್ವ. ಈಗ ನೋಡಿದಳು. ಇಬ್ಬರೂ ನಕ್ಕರು.

ದೀಪಾವಳಿಯ ಮೇಲೆ ಲಗ್ನ ಎಂದು ಗೊತ್ತುಮಾಡಿದರು. ಹೊರಡುವಾಗ ರಾಚವ್ವ ಚಹಾದಂಗಡಿಯ ಮುಂದೆ ನಿಂತು, "ಲಗಮಪ್ಪಾ, ನಮ್ಮೂರಿಗೆ ಒಲಿ ಮಾಡಾಕ ಯಾವಾಗ ಬರತೀ?" ಎಂದು ಕೇಳಿ, ಅವನು ದಿನ ಹೇಳುವ ತನಕ ಬಸ್ಸಿನವನನ್ನು ಕಾಯಿಸಿದಳು.

ಅಕ್ಕಂದಿರೇ, ಅಣ್ಣಂದಿರೇ, ಎಲ್ಲರಿಗೂ ಗುಂಡಿನ ಪೆಟ್ಟಿಗೆ ಸಿಗಲಿಕ್ಕಿಲ್ಲ. ಸಿಗದಿದ್ದರೆ ಬೇಡ. ಗಟ್ಟಿ ತಗಡಿನ ಯಾವ ಡಬ್ಬಿಯಾದರೂ ನಡೆಯುತ್ತದೆ, ಒಳಗೆ ಎಣ್ಣೆಯನ್ನೋ ಬೆಳೆಗೆ ಹೊಡೆಯುವ ಔಷಧಿಯನ್ನೋ ಇಟ್ಟದ್ದು ಮಾತ್ರ ಬೇಡ. ಮಣ್ಣಿನ ಒಲೆಗೇ ಒಂದು ಕೊಳವೆ ಜೋಡಿಸಿದರೂ ಆಯಿತು. ನಿಮ್ಮದು ಹುಲ್ಲಿನ ಚಾವಣಿಯಾದರೆ ಕೊಳವೆಯನ್ನು ಅದಕ್ಕೆ ತಾಗಿಸಬೇಡಿರಿ, ಗೋಡೆಯಿಂದ ಹೊರಗೆ ಹಾಯಿಸಿರಿ. ಕಟ್ಟಿಗೆಯನ್ನು ಬಿಸಿಲಿದ್ದಾಗಲೇ ಒಣಗಿಸಿ ಒಳಗಿಡಿರಿ. ಕೊಳವೆಯ ಮಸಿಯನ್ನು ಆಗಾಗ ಕೆಡವಿರಿ. ಮಕ್ಕಳನ್ನು ಕಾದ ತಗಡಿನಿಂದ ದೂರವಿಡಿರಿ.

ಇದನ್ನು ಓದಿ ಮುಗಿಸಿದ ಗಂಡಸರಿಗೆ ಒಂದು ಮಾತು. ಈಗಲೇ ಎದ್ದು ನಿಮ್ಮ ಅಡುಗೆಮನೆಗೆ ಹೋಗಿರಿ. ಒಲೆಯ ಮೇಲಿನ ತೊಲೆಗೆ ಬೆರಳು ತಾಗಿಸಿ ನೋಡಿರಿ. ಬೆರಳಿಗೆ ಹತ್ತಿದ ಆ ಮಸಿ ತೊಲೆಯ ಮೇಲಷ್ಟೇ ಕುಳಿತಿಲ್ಲ. ಅದರ ಕೆಳಗೆ ದಿನಾಲೂ ಕುಳಿತು ನಿಮಗೆ ರೊಟ್ಟಿ ಬಡಿಯುವವಳ ಎದೆಯಲ್ಲೂ ಕುಳಿತಿದೆ. ತೊಲೆಯನ್ನು ಒರೆಸಬಹುದು. ಎದೆಯನ್ನು ಒರೆಸಲು ಬರುವುದಿಲ್ಲ.