ಕೈನಾತಳ ಎಡಗಡೆ

ಚೆಂಡು ನಿಲ್ಲುತ್ತಿಲ್ಲ, ಸುಣ್ಣದ ಚುಕ್ಕೆಯ ಮೇಲೆ ಇಟ್ಟರೆ ಒಂದಿಷ್ಟು ಮುಂದಕ್ಕೆ ಉರುಳುತ್ತದೆ, ಮತ್ತೆ ಇಟ್ಟರೆ ಮತ್ತೆ ಉರುಳುತ್ತದೆ, ನೆಲವೇ ಸಮ ಇಲ್ಲ, ಭಾಗ್ಯಜ್ಯೋತಿ ಬೂಟಿನ ಹಿಮ್ಮಡಿಯಿಂದ ಮಣ್ಣು ಕೆದರಿ ಸಣ್ಣ ಗುಣಿ ಮಾಡಿ ಅದರೊಳಗೆ ಚೆಂಡನ್ನು ಕೂರಿಸುತ್ತಾಳೆ, ಬೆರಳಿಗೆ ಸುಣ್ಣ ಹತ್ತಿತು, ಚಡ್ಡಿಗೆ ಒರೆಸಿಕೊಂಡಳು — ಹೊಸ ಚಡ್ಡಿ, ಅಪ್ಪ ಕಲಬುರಗಿಗೆ ಹೋಗಿ ತಂದದ್ದು, ಬೂಟೂ ಹೊಸದು, ಹೆಬ್ಬೆರಳ ಹತ್ತಿರ ಇನ್ನೂ ಕಚ್ಚುತ್ತದೆ — ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ, ಕಡಗಂಚಿಯ ಈ ಮೈದಾನದಲ್ಲಿ ಒಂದು ಗಿಡದ ನೆರಳೂ ಇಲ್ಲ, ಇರುವ ನೆರಳೆಲ್ಲ ಆ ಶಾಮಿಯಾನದ ಕೆಳಗೆ, ಅಲ್ಲಿ ಆಯ್ಕೆ ಮಾಡುವವರು ಕೂತಿದ್ದಾರೆ, ಒಬ್ಬರು ಚಹಾ ಕುಡಿಯುತ್ತಿದ್ದಾರೆ, ಇನ್ನೊಬ್ಬರು ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಾರೆ, ನೋಡುತ್ತಿದ್ದಾರೋ ಇಲ್ಲವೋ, ನೋಡುತ್ತಾರೆ, ಪೆನಾಲ್ಟಿ ಅಂದಮೇಲೆ ಎಲ್ಲರೂ ನೋಡುತ್ತಾರೆ, ಎದುರಿಗೆ ಗೋಲಿನಲ್ಲಿ ಕೈನಾತ. ಬೇರೆ ಯಾರಾದರೂ ಇರಬಹುದಿತ್ತು. ಆಳಂದದ ಹುಡುಗಿಯರು, ಅಫಜಲಪುರದ ಹುಡುಗಿಯರು, ಜೇವರ್ಗಿಯವರು ಎಲ್ಲರನ್ನೂ ಕಲಸಿ ಎರಡು ತಂಡ ಮಾಡಿದರು, ಇವಳಿಗೆ ಕೆಂಪು ಜಾಕೆಟ್ ಕೊಟ್ಟರು, ಕೈನಾತಳಿಗೆ ಹಸಿರು, ಆಗಲೇ ಗುರುಶಾಂತ ಸರ್ ನಕ್ಕಿದ್ದರು, ಕೆಟ್ಟ ನಗು, ಇಬ್ಬರೂ ಅವರ ಕೈಯಲ್ಲೇ ಆಟ ಕಲಿತವರು, ಮುಂಜಾನೆ ಟಂಟಂ ಗಾಡಿಯಲ್ಲಿ ಬರುವಾಗಲೇ ಹೇಳಿಬಿಟ್ಟಿದ್ದರು, ಬೆಳಗಾವಿ ಸ್ಪೋರ್ಟ್ಸ್ ಹಾಸ್ಟೆಲ್ಲಿಗೆ ಜೇವರ್ಗಿಯಿಂದ ಒಬ್ಬಾಕಿನ್ನ ತಗೋತಾರ, ಇಬ್ಬರನ್ನಲ್ಲ, ಇನ್ನ ನೀವು ನೀವ ನೋಡ್ಕೊರ್ರಿ. ಕೈನಾತ ನಕ್ಕಳು, ಹಂಗಾದ್ರ ಟಾಸ್ ಹಾಕೂಣು ಏನ ಜೋತಿ? ಸರ್ ನಗಲಿಲ್ಲ, ಗೆಳೆತನ ಟಂಟಂದಾಗ ಬಿಟ್ಟು ಇಳೀರಿ, ಆಟ ಮುಗಿದ ಮ್ಯಾಲ ಮತ್ತ ಹಾಕ್ಕೊಳ್ಳಾಕ ಬರ್ತದ, ಚಪ್ಪಲ್ ಹಾಕ್ಕೊಂಡಂಗ. ಎರಡೂ ತಂಡದ್ದು ಒಂದೊಂದು ಗೋಲು, ಆಟ ಮುಗಿಯಲು ಬಂದಿದೆ, ಹಸಿರು ಜಾಕೆಟ್ಟಿನ ಯಾವಳೋ ಕೈಗೆ ಚೆಂಡು ಬಡಿಸಿಕೊಂಡಳು, ಸೀಟಿ ಊದಿದರು, ಚೆಂಡನ್ನು ತಾನೇ ಎತ್ತಿಕೊಂಡು ಬಂದವಳು ಭಾಗ್ಯಜ್ಯೋತಿ, ಯಾರೂ ಕೊಡಲಿಲ್ಲ, ನಾ ಹೊಡೀತೇನಿ, ಎಂದಳು, ಯಾರೂ ಬೇಡ ಅನ್ನಲಿಲ್ಲ.

ಹಿಂದೆ ಸರಿಯಬೇಕು, ನೆಲ ನೋಡುತ್ತ ಹಿಂದೆ ಸರಿಯಬೇಕು, ಗೋಲನ್ನು ನೋಡಬಾರದು, ನೋಡಿದರೆ ಎಲ್ಲಿ ಹೊಡೆಯುತ್ತಿ ಅನ್ನುವುದು ಕಣ್ಣಿನಲ್ಲಿ ಕಾಣುತ್ತದೆ, ಸರ್ ಕಲಿಸಿದ್ದು, ಸರ್ ಏನೆಲ್ಲ ಕಲಿಸಿದರು, ತೊಗರಿ ಕೊಯ್ದ ಹೊಲದಲ್ಲಿ ಓಡಿಸಿದರು, ಕೂಳೆ ಚುಚ್ಚಿ ಮೀನಖಂಡದಲ್ಲಿ ರಕ್ತ ಬಂದರೆ, ಬರ್ಲಿ, ಒಳಗಿನ ಅಂಜಿಕಿ ಹೊರಗ ಬರ್ತದ ಎಂದರು, ಪೆನಾಲ್ಟಿ ತಪ್ಪಿಸಿದವಳನ್ನು ಗೋಲಿನಲ್ಲಿ ಬೆನ್ನು ತಿರುಗಿಸಿ ನಿಲ್ಲಿಸಿ ಉಳಿದವರಿಂದ ಆ ಬೆನ್ನಿಗೇ ಚೆಂಡು ಹೊಡೆಸಿದರು, ರೇವಮ್ಮ ಅನ್ನುವ ಸಣ್ಣ ಹುಡುಗಿ ಅತ್ತು ಮನೆಗೆ ಹೋದವಳು ಮತ್ತೆ ಬರಲೇ ಇಲ್ಲ, ಆ ದಿನ ಎಲ್ಲರಿಗಿಂತ ಜೋರಾಗಿ ಹೊಡೆದವಳು ಯಾರು, ಭಾಗ್ಯಜ್ಯೋತಿ, ಬೆನ್ನಿಗೆ ಚೆಂಡು ಬಡಿದ ಸದ್ದು ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗಿತ್ತು, ಅವಳಿಗೆ ಖುಷಿಯಾಗಿತ್ತು, ಕೈನಾತ ಒಬ್ಬಳೇ ಬೇಕಂತಲೇ ಹೊರಗೆ ಹೊಡೆದಳು, ಬೈಸಿಕೊಂಡಳು. ಕೈನಾತ ಅಂದರೆ ಹಾಗೇ. ಮೊಣಕಾಲು ಕೆಡಿಸಿಕೊಂಡದ್ದೂ ಹಾಗೇ, ಆಟದಲ್ಲಲ್ಲ, ಸುಮ್ಮನೆ ಹುರುಪಿಗೆ, ಬಾ ಜೋತಿ ರೋಡಿನ ತನಕ ಯಾರ ಮೊದಲ ಅಂತ ಎರೆಹೊಲಕ್ಕೆ ಇಳಿದು ಓಡಿದಳು, ಬಿರುಕಿನಲ್ಲಿ ಎಡಗಾಲು ಇಳಿಯಿತು, ಲಟ್ ಅಂದದ್ದು ಹಿಂದೆ ಇದ್ದ ಇವಳಿಗೂ ಕೇಳಿಸಿತು, ಬಂದು ನೋಡಿದರೆ ಮಣ್ಣು ತಿಂದುಕೊಂಡು ಬಿದ್ದಿದ್ದಾಳೆ, ತುಟಿ ಬಿಳಿಚಿದೆ, ನಕ್ಕೋ, ಬ್ಯಾಡ ಜೋತಿ, ಯಾರಿಗೂ ಹೇಳಬ್ಯಾಡ ಬೇ, ಅಮ್ಮಿಗೆ ಹೇಳಬ್ಯಾಡ, ಸರ್‌ಗಂತೂ ಮೊದಲ ಬ್ಯಾಡ, ಮೊಣಕಾಲ ಹೋದಾಕಿನ್ನ ಯಾರು ತಗೋತಾರ? ಹೇಳಂಗಿಲ್ಲ. ಕಸಮ್? ಬಸವಣ್ಣನ ಆಣಿ. ಆಣೆ ಮುರಿದಿಲ್ಲ, ಒಬ್ಬರಿಗೂ ಹೇಳಿಲ್ಲ, ಆ ಮಾತು ಮಾತ್ರ ನಿಜ, ಸಂಜೆ ಸಂಜೆ ನೀರಿನ ಟಾಕಿಯ ಹಿಂದೆ ಕೂತು ಅವಳ ಮೊಣಕಾಲಿಗೆ ಮುಲಾಮು ತಿಕ್ಕಿ ಪಟ್ಟಿ ಸುತ್ತಿದವಳು ಇವಳೇ, ಚಿಪ್ಪಿನ ಕೆಳಗೆ ಎಲ್ಲಿ ಬಾವು, ಎಲ್ಲಿ ಒತ್ತಿದರೆ ಹೆಬ್ಬೆರಳು ಒಳಗೆ ಹೋಗುತ್ತದೆ, ಎಲ್ಲ ಗೊತ್ತು, ಒಂದು ಸಂಜೆ ಬೇಕಾದದ್ದಕ್ಕಿಂತ ಜೋರಾಗಿ ಒತ್ತಿದಳು, ಸುಮ್ಮನೆ, ಮುಖ ಹೇಗಾಗುತ್ತದೆ ನೋಡೋಣ ಅಂತ, ಹಗೂರಕ ಬೇ, ಎಂದಳು ಕೈನಾತ, ಆತು ಆತು, ಎಂದು ಹೇಳಿ ಮತ್ತೊಮ್ಮೆ ಅಲ್ಲೇ ಒತ್ತಿದಳು. ಬಲಗಡೆ ಜಿಗಿಯುವುದಕ್ಕೆ ತೊಂದರೆ ಇಲ್ಲ, ಎಡಗಡೆ ಜಿಗಿಯಬೇಕಾದರೆ ಎಡಗಾಲನ್ನು ನೆಲಕ್ಕೆ ಊರಿ ಒದೆಯಬೇಕು, ಅದು ಆಗದು. ಅದಕ್ಕೇ ಇಬ್ಬರೂ ಮಾತಾಡಿಕೊಂಡಿದ್ದರು, ಸರ್ ನೋಡುವಾಗ ಭಾಗ್ಯಜ್ಯೋತಿ ಹೊಡೆಯುವ ಚೆಂಡೆಲ್ಲ ಕೈನಾತಳ ಬಲಕ್ಕೇ, ಗುರುತಿಗೆ ಕೈನಾತ ಬಲಗೈ ಗ್ಲೌಸಿನಿಂದ ತನ್ನ ತೊಡೆ ತಟ್ಟುತ್ತಾಳೆ, ಇವಳು ತಲೆ ಆಡಿಸುತ್ತಾಳೆ, ಅಷ್ಟೇ, ಆಮೇಲೆ ಹಿಡಿಯುವುದು ಬಿಡುವುದು ಅವರವರ ನಸೀಬು.

ಇಷ್ಟು ಹಿಂದೆ ಬಂದರೆ ಸಾಕು, ಇಲ್ಲಿ ನಿಲ್ಲಬೇಕು, ಉಸಿರು ಬಿಡಬೇಕು, ಕೊಳಕೂರಿನಲ್ಲಿ ಅಪ್ಪ ಈಗ ಏನು ಮಾಡುತ್ತಿರಬಹುದು, ಹೋಟೆಲ್ಲಿನ ಬೆಂಚಿನ ಮೇಲೆ ಫೋನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾನೆ, ಮಲ್ಲಣ್ಣನ ಮಗಳು ಆರಿಸಿ ಬಂದಳು ಅಂತ ಬಸ್‌ಸ್ಟ್ಯಾಂಡಿನ ಎದುರು ಹಾಕಲು ಫ್ಲೆಕ್ಸ್ ಮಾಡಿಸಿಟ್ಟಾಗಿದೆ, ಅದರಲ್ಲಿ ಅಪ್ಪನದೂ ಫೋಟೋ ಇದೆ, ಕೈ ಮುಗಿದಿದ್ದಾನೆ, ಅವ್ವ ಅಂಬುಬಾಯಿ ಅದನ್ನು ಮಂಚದ ಕೆಳಗೆ ನೋಡಿ, ಆಗಲಿಲ್ಲಂದ್ರ ಹೆಂಗ್ರಿ ಎಂದದ್ದಕ್ಕೆ, ಆಗಲಿಲ್ಲಂದ್ರ ಅನ್ನೂ ಮಾತು ಈ ಮನ್ಯಾಗ ಬರಬಾರದು ಎಂದು ತಾಟು ದೂಡಿ ಎದ್ದುಹೋದ, ಅದೇ ಅಪ್ಪ, ಅದೇ ಅಪ್ಪ ಅಫಜಲಪುರದ ಮ್ಯಾಚಿಗೆ ಬಂದವನು, ಇವಳು ಎರಡು ಗೋಲು ಹೊಡೆದಿದ್ದಳು, ರಾತ್ರಿ ರೊಟ್ಟಿ ಮುರಿಯುತ್ತ ಅವ್ವನಿಗೆ ಏನು ಹೇಳಿದ, ಆ ಸಾಬರ ಹುಡುಗಿ ಜಿಗಿಯೂದು ನೋಡಬೇಕಿತ್ತು ನೀ, ಹಕ್ಕಿ ಇದ್ದಂಗ ಅದ. ಗೋಲಿನ ಸುದ್ದಿಯೇ ಇಲ್ಲ. ಹಕ್ಕಿ. ಎಲ್ಲರ ಬಾಯಲ್ಲೂ ಕೈನಾತ, ಆಳಂದದವರೂ ಕೇಳುತ್ತಾರೆ ಹಳದಿ ಗ್ಲೌಸಿನ ಹುಡುಗಿ ಬಂದಾಳೇನು ಅಂತ, ಆ ಗ್ಲೌಸಿಗೆ ಅವರಮ್ಮ ಫಕ್ರುನ್ನಿಸಾ ಸೂಜಿ ದಾರದಿಂದ ಹೊಲಿಗೆ ಹಾಕಿದ್ದಾಳೆ, ಜೇವರ್ಗಿಯಲ್ಲಿ ರೊಟ್ಟಿ ಬಡಿದು ಮಾರುವವಳು, ಇದಾಗಲಿಲ್ಲಂದ್ರ ನಾನೂ ತವಾದ ಮುಂದ ಕೂಡೂದ ಎಂದು ಕೈನಾತ ಒಂದು ದಿನ ಎಂದಾಗ ಭಾಗ್ಯಜ್ಯೋತಿ ಅವಳ ಹೆಗಲ ಮೇಲೆ ಕೈ ಹಾಕಿ, ಏ ಹುಚ್ಚಿ, ಇಬ್ಬರೂ ಹೋಗೂಣು ಎಂದಿದ್ದಳು, ಹೇಳುವಾಗಲೇ ಗೊತ್ತಿತ್ತು ಇಬ್ಬರೂ ಹೋಗುವುದು ತನಗೇ ಬೇಡವಾಗಿದೆ ಅಂತ, ಅಲ್ಲಿಯೂ ಹೋಗಿ ಹಕ್ಕಿ ಹಕ್ಕಿ ಅನ್ನುವುದನ್ನು ಕೇಳಬೇಕೇ. ಸೀಟಿ. ತಲೆ ಎತ್ತಬಾರದಿತ್ತು, ಎತ್ತಿದಳು. ಕೈನಾತ ನೋಡುತ್ತಿದ್ದಾಳೆ. ಅಂಜಿಕೆ ಇಲ್ಲ ಆ ಮುಖದಲ್ಲಿ, ಎದುರಾಳಿಯನ್ನು ನೋಡುವ ನೋಟವಲ್ಲ ಅದು, ಟಾಕಿಯ ಹಿಂದೆ ಪಟ್ಟಿ ಸುತ್ತಿಸಿಕೊಳ್ಳುವಾಗ ನೋಡುವ ಹಾಗೆ ನೋಡಿ, ಬಲಗೈಯಿಂದ ತೊಡೆ ತಟ್ಟಿದಳು. ಈ ಕಡೆ. ಯಾರಿಗೂ ಗೊತ್ತಾಗಲಿಲ್ಲ, ಇಡೀ ಮೈದಾನದಲ್ಲಿ ಇಬ್ಬರಿಗೆ ಮಾತ್ರ ಗೊತ್ತು. ಭಾಗ್ಯಜ್ಯೋತಿ ತಲೆ ಆಡಿಸಿದಳು. ಆಡಿಸದೆ ಇರಬಹುದಿತ್ತು, ಸುಮ್ಮನೆ ಹೊಡೆದಿದ್ದರೂ ಆಗುತ್ತಿತ್ತು, ಆದರೆ ಆಡಿಸಿದಳು, ಚೆನ್ನಾಗಿ, ಕಾಣುವ ಹಾಗೆ, ಆಮೇಲೆ ಓಡಿದಳು, ಬೂಟು ಕಚ್ಚಿತು, ಚೆಂಡು ಕಾಲಿಗೆ ಸರಿಯಾಗಿ ಕೂತಿತು, ಕೈನಾತಳ ಎಡಕ್ಕೆ, ನೆಲಕ್ಕಂಟಿ, ಕಂಬದ ಬುಡಕ್ಕೆ.

ಬಿಟ್ಟುಬಿಡಬೇಕಿತ್ತಲ್ಲ. ಕೈನಾತಳ ಮೈ ಆಗಲೇ ಬಲಕ್ಕೆ ವಾಲಿತ್ತು, ಯಾರೇ ಆದರೂ ಬಿಟ್ಟುಬಿಡುತ್ತಿದ್ದರು, ಹೋಗಲಿ ಅಂತ ನಿಂತು ನೋಡುತ್ತಿದ್ದರು, ಕೈನಾತ ತಿರುಗಿದಳು, ನಡುವೇ ಮುರಿಯುವ ಹಾಗೆ ತಿರುಗಿ ಆ ಎಡಗಾಲನ್ನು ಊರಿ ಒದ್ದಳು, ಮೊಣಕಾಲು ಒಳಮುಖವಾಗಿ ಮಡಚಿತು, ಕಾಲು ಆ ಕಡೆಗೆ ಮಡಚುವುದಿಲ್ಲ, ಆದರೂ ಮಡಚಿತು, ಚೆಂಡು ಬಲೆಯಲ್ಲಿ ಸರಕ್ ಅಂತು, ಕೆಂಪು ಜಾಕೆಟ್ಟಿನವರು ಕೂಗುತ್ತ ಬಂದು ಭಾಗ್ಯಜ್ಯೋತಿಯನ್ನು ಎತ್ತಿಕೊಂಡರು, ಅವರ ಹೆಗಲ ಮೇಲಿಂದ ಅವಳಿಗೆ ಕಂಡಿತು, ಕೈನಾತ ಮುಖ ಕೆಳಗಾಗಿ ಬಿದ್ದಿದ್ದಾಳೆ, ಕಾಲು ಹಿಡಿದುಕೊಂಡಿಲ್ಲ, ಎಡಗೈ ಬಲೆಯ ಕಡೆಗೆ ಚಾಚಿದೆ, ಹಳದಿ ಗ್ಲೌಸು, ಬೆರಳು ಅಗಲವಾಗಿ ಬಿಚ್ಚಿವೆ, ಚೆಂಡು ಆಗಲೇ ಒಳಗೆ ಹೋಗಿ ನಿಂತಿದೆ, ಕೈ ಮಾತ್ರ ಇನ್ನೂ ಹಿಡಿಯಲು ಹೋಗುತ್ತಿದೆ. ಕೂಗಲೇ ಇಲ್ಲ ಅವಳು. ಶಾಮಿಯಾನದಿಂದ ಟೋಪಿಯವರು ಬಂದು ಕೂತು ಮೊಣಕಾಲನ್ನು ಮುಟ್ಟಿ ನೋಡಿದರು, ಪಟ್ಟಿ ಕಂಡಿತು, ಮೊದಲ ಏನರ ಆಗಿತ್ತೇನಮ್ಮ? ಎಂದರು, ಕೈನಾತ ಹಲ್ಲು ಕಚ್ಚಿ, ಇಲ್ರಿ, ಈಗ ಆಗೇದ್ರಿ, ಎಂದಳು — ಈಗಲೂ ಮುಚ್ಚಿಡುತ್ತಿದ್ದಾಳೆ, ಮುಂದಿನ ವರ್ಷದ ಆಸೆ ಇನ್ನೂ ಇದೆ ಇವಳಿಗೆ — ಅವರು ಎದ್ದು ಕೈ ಝಾಡಿಸಿಕೊಂಡು ಪಕ್ಕದವರಿಗೆ, ಮುಗೀತು, ಈ ಕಾಲು ಇನ್ನ ಆಟಕ್ಕ ಬರಂಗಿಲ್ಲ ಎಂದರು, ಅವಳ ತಲೆಯ ಮೇಲೆಯೇ, ಅವಳಿಗೆ ಕೇಳುವ ಹಾಗೆ. ಸ್ಟ್ರೆಚರ್ ಇರಲಿಲ್ಲ, ಶಾಮಿಯಾನದಿಂದ ಪ್ಲಾಸ್ಟಿಕ್ ಕುರ್ಚಿ ತಂದರು, ಅದರಲ್ಲಿ ಕೂರಿಸಿ ನಾಲ್ವರು ಎತ್ತಿಕೊಂಡು ಹೋದರು, ಮುಂಜಾನೆ ಇಬ್ಬರೂ ಕೂತು ಬಂದ ಟಂಟಂ ಕಡೆಗೆ, ಭಾಗ್ಯಜ್ಯೋತಿ ಹಿಂದೆ ಹೋಗಬೇಕು ಅಂದುಕೊಂಡಳು, ಎರಡು ಹೆಜ್ಜೆ ಇಟ್ಟಳು ಕೂಡ, ಅಷ್ಟರಲ್ಲಿ ಗುರುಶಾಂತ ಸರ್ ತೋಳು ಹಿಡಿದರು, ಹೆಂಗ ಗೊತ್ತಾತ ಬೇ ನಿನಗ, ಆಕಿ ಆ ಕಡೆ ಜಿಗಿಯಂಗಿಲ್ಲ ಅಂತ? ಅವಳು ಚಡ್ಡಿಗೆ ಹತ್ತಿದ ಸುಣ್ಣ ಕೊಡವಿಕೊಂಡಳು. ಸರ್ ಹತ್ತಿರ ಬಗ್ಗಿದರು, ಬಾಯಿಂದ ಗುಟಕಾದ ವಾಸನೆ, ನಂಗ ಗೊತ್ತಿಲ್ಲಂತ ತಿಳಿದೀರೇನು, ಆಕಿ ಕುಂಟೂದು ನಾನೂ ನೋಡೇನಿ, ನೀ ಬರೇ ಆ ಕಡೆನ ಹೊಡಿಯೂದೂ ನೋಡೇನಿ, ಸುಮ್ಮನ ಇದ್ದೆ, ಇವತ್ತ ಏನ ಮಾಡ್ತಿ ನೋಡೂಣು ಅಂತ, ಬೆನ್ನು ತಟ್ಟಿದರು, ಈಗ ಪ್ಲೇಯರ್ ಆದಿ ನೀ. ಆ ಕೈ ಬೆನ್ನ ಮೇಲೆ ಬೆಚ್ಚಗಿತ್ತು. ತಳ್ಳಬೇಕು ಅನಿಸಲಿಲ್ಲ ಅವಳಿಗೆ, ಇನ್ನೊಮ್ಮೆ ತಟ್ಟಲಿ ಅನಿಸಿತು.

ಮೈಕಿನಲ್ಲಿ ಹೆಸರು ಓದಿದರು, ಮೊದಲನೇ ಹೆಸರೇ ಅವಳದು, ಭಾಗ್ಯಜ್ಯೋತಿ ಮಲ್ಲಣ್ಣ, ಕೊಳಕೂರ, ಚಪ್ಪಾಳೆ, ಒಳಗೆ ಎದ್ದದ್ದು ದುಃಖ ಅಲ್ಲ, ಎಷ್ಟು ಹುಡುಕಿದರೂ ಅದರಲ್ಲಿ ದುಃಖ ಸಿಗಲಿಲ್ಲ, ಬರೀ ಖುಷಿ, ಆಯ್ಕೆಯಾದವರು ಫೋಟೋಕ್ಕೆ ಬರ್ರಿ ಎಂದರು, ಗೋಲಿನ ಮುಂದೆ ಸಾಲಾಗಿ ನಿಲ್ಲಿಸಿದರು, ನೆಲದಲ್ಲಿ ಮಣ್ಣು ಉಜ್ಜಿದ ಗುರುತು, ಅದರ ಮೇಲೆ ನಿಲ್ಲಬಾರದು ಅಂತ ಸರಿದಳು, ಫೋಟೋದವನು, ಎಡಕ್ಕ ಬಾ ಅಕ್ಕಾ, ಇನ್ನಷ್ಟ ಎಡಕ್ಕ ಎಂದ, ಸರಿದು ಅದರ ಮೇಲೆಯೇ ನಿಂತು ನಕ್ಕಳು. ಆಗ ಫಕ್ರುನ್ನಿಸಾ ಬಂದಳು. ಮಗಳ ಆಟ ನೋಡಲು ಮೊದಲ ಸಲ ಬಂದವಳು, ಬುರ್ಖಾದ ತುದಿಗೆ ಮಣ್ಣು ಹತ್ತಿದೆ, ಏದುಸಿರು, ಭಾಗ್ಯಜ್ಯೋತಿಯ ಎರಡೂ ಕೆನ್ನೆ ಹಿಡಿದು ತನ್ನ ಹಣೆಗೆ ಬೆರಳು ಮುರಿದು ನೆಟಿಗೆ ತೆಗೆದಳು, ಚಲೋ ಆತು ಬೇಟಿ, ನೀನರ ಗೆದ್ದಿ, ಅಂದವಳು ಅಲ್ಲೇ ಅಳತೊಡಗಿದಳು, ದವಾಖಾನಿಗಿ ಒಯ್ಯಾಕತ್ತೇವಿ, ಜೋತಿನ್ನ ಕರೀತೇನಿ, ಆಕಿ ಕಾಲ ಹಿಡ್ಕೊಂಡು ಕೂಡ್ತಾಳ ಅಂದ್ರ ಬ್ಯಾಡ ಅಂತಾಳ, ಕರದರ ಟಂಟಂದಿಂದ ಕೆಳಗ ಜಿಗೀತೇನಿ ಅಂತಾಳ, ಯಾಕಂತ ಹೇಳವಲ್ಲಳು, ಜಗಳಾಡೀರೇನು? ಇಲ್ಲ ಖಾಲಾ, ನೋವಿಗೆ ಹಂಗ ಅನ್ನಾಕತ್ತಾಳ. ಎಷ್ಟು ಸರಾಗವಾಗಿ ಬಂತು ಮಾತು. ಹೌದು ಬೇಟಾ, ನೋವಿಗೇ, ನೀ ಮನಸಿಗೆ ಹಚ್ಕೋಬ್ಯಾಡ, ಎಂದು ಆ ತಾಯಿಯೇ ಇವಳಿಗೆ ಸಮಾಧಾನ ಹೇಳಿ ಓಡಿದಳು, ಟಂಟಂ ಧೂಳೆಬ್ಬಿಸಿಕೊಂಡು ಕಲಬುರಗಿ ರೋಡಿಗೆ ತಿರುಗಿತು, ಹಿಂದಿನ ಸೀಟಿನಿಂದ ಯಾರೂ ತಿರುಗಿ ನೋಡಲಿಲ್ಲ. ಸರ್ ತಮ್ಮ ಫೋನು ಕೊಟ್ಟರು. ಅಪ್ಪ. ಸುದ್ದಿ ಆಗಲೇ ಮುಟ್ಟಿದೆ, ಹಿಂದೆ ಹೋಟೆಲ್ಲಿನ ಗದ್ದಲ ಕೇಳುತ್ತಿದೆ, ಯಾರೋ ಪಟಾಕಿ ಹಚ್ಚಿದ್ದಾರೆ, ಏ ನನ ಹುಲಿ, ಫ್ಲೆಕ್ಸ್ ಏರಸಾಕತ್ತೇವಿ ಇಲ್ಲೆ, ಪೆನಾಲ್ಟಿ ಹೊಡದೆಂತಲ್ಲ, ಎಲ್ಲರೂ ಕೇಳಾಕತ್ತಾರ, ಗೋಲಿನ್ಯಾಗ ಯಾರಿದ್ದರು? ಅಪ್ಪನ ಮನೆಯಲ್ಲಿ ಎಷ್ಟೋ ಸಲ ಶೇಂಗಾ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿಂದವಳು, ಅಪ್ಪನೇ ಹಕ್ಕಿ ಅಂದಿದ್ದ ಆ ಕೈನಾತ, ಭಾಗ್ಯಜ್ಯೋತಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು, ಯಾರೋ ಅಪ್ಪಾ, ಅಫಜಲಪುರದ ಹುಡುಗಿ, ಎಂದಳು. ಹೌದಾ, ಹೋಗ್ಲಿ ಬಿಡು, ಜಲ್ದಿ ಬಾ, ಎಂದ ಅಪ್ಪ, ಫೋನು ಇಟ್ಟ, ಜಲ್ದಿ ಹೋಗಬೇಕು, ಬೂಟು ಬಿಚ್ಚಬೇಕು, ಬ್ಯಾಗು ಎಲ್ಲಿಟ್ಟೆ, ಬ್ಯಾಗು ಟಂಟಂನಲ್ಲೇ ಹೋಯಿತು, ಕೈನಾತಳ ಬ್ಯಾಗಿನ ಜೊತೆ, ಇರಲಿ, ಬೆಳಗಾವಿಯಲ್ಲಿ ಹೊಸದು ಕೊಡುತ್ತಾರೆ, ಮೈದಾನದಲ್ಲಿ ಬಲೆ ಬಿಚ್ಚುತ್ತಿದ್ದಾರೆ, ಶಾಮಿಯಾನ ಇಳಿಸುತ್ತಿದ್ದಾರೆ, ಬೆಳಗಾವಿಗೆ ಯಾವ ರೈಲು, ಅವ್ವ ಏನು ಕಟ್ಟಿಕೊಡುತ್ತಾಳೆ, ಹಾಸ್ಟೆಲ್ಲಿನಲ್ಲಿ ಮೊದಲ ದಿನ ಏನು ಕೇಳುತ್ತಾರೆ, ಏನಾದರೂ ಕೇಳಲಿ, ಹೇಳಬಹುದು — ಆ ಕೈ. ಬಲೆಯ ಕಡೆಗೆ ಚಾಚಿದ ಕೈ, ಬೆರಳು ಬಿಚ್ಚಿದ ಹಳದಿ ಗ್ಲೌಸು, ಚೆಂಡು ಹೋಗಿಯಾಗಿದೆ, ಆಟ ಮುಗಿದಾಗಿದೆ, ರೈಲು ಎಷ್ಟಕ್ಕೆ ಹೊರಡುತ್ತದೆ — ಆ ಕೈ, ಇನ್ನೂ ಹಿಡಿಯಲು ಹೋಗುತ್ತಿರುವ ಆ ಕೈ, ಹಳದಿ ಗ್ಲೌಸು, ಬಿಚ್ಚಿದ ಬೆರಳು, ಆ ಕೈ