ಎಡಗೈ ಗೀರು

ಕಲ್ಲು ನೋಡುವುದಕ್ಕೆಂದು ಅಂಗಡಿ ಮುಚ್ಚಿ ಹೊರಟವಳು ನಮ್ಮ ಬೀದಿಯಲ್ಲಿ ನಾನೊಬ್ಬಳೇ ಇರಬೇಕು. ಬೇಕರಿಯವಳಿಗೆ ಬೆಳಗಾದರೆ ಹಿಟ್ಟು, ಸಂಜೆಯಾದರೆ ತಟ್ಟೆ ಉಜ್ಜುವುದು. ನಡುವೆ ನೋಡಲು ಗಿರಾಕಿಗಳ ಮುಖಗಳಿವೆ, ಅವುಗಳಲ್ಲಿ ಕೆಲವು ಕಲ್ಲಿಗೇನೂ ಕಡಿಮೆಯಿಲ್ಲ. ಆದರೆ ಅಮ್ಮ ತೀರಿಕೊಂಡ ಮೇಲೆ ಒಂದು ದಿನ ಅಕ್ಕ ಫೋನು ಮಾಡಿ, "ಒಬ್ಳೇ ಕೂತು ಕೊರಗ್ಬೇಡ ಕಣೇ. ಗುಹೆಗಳಿರೋ ಊರಿಗೆ ಹೋಗಿ ಬರೋಣ. ನಾನೂ ನೋಡಿಲ್ಲ" ಎಂದಾಗ ನನ್ನ ಕಣ್ಣು ತುಂಬಿ ಬಂತು. ಅಕ್ಕ ಮದುವೆಯಾಗಿ ದೂರ ಹೋದವಳು. ಅಮ್ಮ ಹಾಸಿಗೆ ಹಿಡಿದಾಗಲೂ ನೆಂಟರ ಹಾಗೆ ಬಂದು, ಲೋಟ ಸಹ ತೊಳೆಯದೆ ನೆಂಟರ ಹಾಗೆ ಹೋದವಳು. ಕೊನೆಗಾದರೂ ತಂಗಿಯ ನೆನಪಾಯಿತಲ್ಲ ಎಂದುಕೊಂಡು ಹೊಸ ಚಪ್ಪಲಿ ಹಾಕಿಕೊಂಡು ಹೊರಟೆ.

ಕಲ್ಲುಗಳೇನೋ ನೋಡುವ ಹಾಗೇ ಇದ್ದವು. ಕೆಳಗೆ ಸಣಕಲು ಕಂಬ, ಅದರ ನೆತ್ತಿಯ ಮೇಲೆ ಕಂಬಕ್ಕಿಂತ ಅಗಲದ ಬಂಡೆ. ಈಗ ಬಿತ್ತು, ಆಗ ಬಿತ್ತು ಎನ್ನಿಸುತ್ತಿತ್ತು, ಆದರೆ ಒಂದೂ ಬಿದ್ದಿರಲಿಲ್ಲ. ಕೆಲವು ಒಲೆಯಲ್ಲಿ ಉಬ್ಬಿ ಒಡೆದ ಬನ್ನಿನ ಹಾಗಿದ್ದವು.

"ಯೀಸ್ಟ್ ಜಾಸ್ತಿ ಆಗಿದೆ" ಎಂದೆ.

ಅಕ್ಕ ನಗಲಿಲ್ಲ. ಬಂಡೆಗಳ ನಡುವೆ ದಾರಿ ಕವಲೊಡೆದಲ್ಲೆಲ್ಲ ಅವಳು ನಿಲ್ಲದೆ ಒಂದು ಕಡೆ ತಿರುಗಿಬಿಡುತ್ತಿದ್ದಳು. ಗುಡ್ಡದ ಮೈಯಲ್ಲಿ ಕೊರೆದ ಮನೆಯೊಂದರ ಬಾಗಿಲಿಗೆ ಬಂದಾಗ, "ತಲೆ ಬಗ್ಗಿಸು. ಒಳಗೆ ಹೋದ್ಮೇಲೂ ಬಗ್ಗಿಸ್ಕೊಂಡೇ ಇರು, ಅಲ್ಲಿ ಇನ್ನೊಂದು ಕಲ್ಲು ಇಳಿದಿದೆ" ಎಂದಳು. ನಾವಿನ್ನೂ ಹೊರಗೇ ಇದ್ದೆವು.

"ನೋಡಿಲ್ಲ ಅಂದ್ಯಲ್ಲ?"

"ಫೋಟೋದಲ್ಲಿ ನೋಡಿದೀನಿ."

ಫೋಟೋ ನೋಡಿ ತಲೆ ಬಗ್ಗಿಸುವುದನ್ನು ಕಲಿತವಳು ಲೋಕದಲ್ಲಿ ಇವಳೊಬ್ಬಳೇ ಎಂದು ನಾನು ನಕ್ಕೆ. ಪೆದ್ದಿ, ನಿಜವಾಗಿಯೂ ನಕ್ಕೆ.

ಒಳಗೆ ಹಿಂದೆ ಯಾರೋ ಸಂಸಾರ ಮಾಡಿದ್ದರು. ಮೂಲೆಯಲ್ಲಿ ಒಲೆ, ಅದರ ಮೇಲಿನ ಚಾವಣಿಗೆ ಕಟ್ಟಿದ ಮಸಿ, ದೀಪ ಇಡುವ ಗೂಡು, ಮಲಗಲು ಕಲ್ಲಿನ ಜಗಲಿ. ಬಾಗಿಲ ಎರಡೂ ಪಕ್ಕ ಅಗಳಿ ತೂರಿಸುವ ತೂತುಗಳಿದ್ದವು. ನಾನು ಒಂದು ತೂತಿನಲ್ಲಿ ಬೆರಳಿಟ್ಟು ನಿಂತುಬಿಟ್ಟೆ. ಇವರು ಬಾಗಿಲು ಭದ್ರ ಮಾಡಿಕೊಂಡೇ ಮಲಗುತ್ತಿದ್ದರು. ನಮ್ಮಮ್ಮ ಸಾಯುವವರೆಗೂ ಹಿಂದಿನ ಬಾಗಿಲಿನ ಚಿಲಕ ಹಾಕಗೊಡಲಿಲ್ಲ.

ಅದು ನನ್ನ ತಮ್ಮನಿಗಾಗಿ. ಹೆಸರಿಟ್ಟದ್ದು ಏನೇ ಇರಲಿ, ಮೀಸೆ ಬಂದ ಮೇಲೂ ಮನೆಯಲ್ಲಿ ಅವನು 'ಮರಿ'ಯೇ. ಒಂದು ಬೆಳಿಗ್ಗೆ ಒಲೆಯ ಮುಂದೆ ತೂಕಡಿಸಿ ಅಷ್ಟೂ ಬ್ರೆಡ್ಡನ್ನು ಕರಕಲು ಮಾಡಿದ. ಅಪ್ಪ ಗಿರಾಕಿಗಳ ಎದುರಿಗೇ ಅವನ ಕೆನ್ನೆಗೆ ಬಾರಿಸಿದರು. ಮರಿ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ ಹಿಂದಿನ ಬಾಗಿಲಿಂದ ಹೋದವನು ಮತ್ತೆ ಬರಲಿಲ್ಲ. ಮುಂದೆ ಅಪ್ಪನೂ ತೀರಿಕೊಂಡರು. "ಬಂದ್ರೆ ಹಿಂದಿಂದಾನೇ ಬರ್ತಾನೆ, ಮುಂದಿಂದ ಬರೋಕೆ ಅವನಿಗೆ ನಾಚಿಕೆ" ಎನ್ನುತ್ತಿದ್ದಳು ಅಮ್ಮ. ಕಳ್ಳರು ಬಂದರೇನು ಗತಿ ಎಂದರೆ, "ಬರ್ಲಿ ಬಿಡು, ನಿನ್ನೆಯ ಬನ್ ತಿಂದ್ರೆ ಅವರೇ ವಾಪಸ್ ಹೋಗ್ತಾರೆ" ಎನ್ನುವಳು.

ನಾನೂ ಕಾದೆ. ಎದುರು ಬೀದಿಯ ಡ್ರಾಯಿಂಗ್ ಮೇಷ್ಟ್ರು ಬೆಳಿಗ್ಗೆ ಒಂದು, ಸಂಜೆ ಒಂದು ಬ್ರೆಡ್ ಒಯ್ಯುತ್ತಿದ್ದರು. ಒಂಟಿ ಮನುಷ್ಯ ಅಷ್ಟು ಬ್ರೆಡ್ ತಿನ್ನಲಾರ ಎಂಬುದು ನನಗೂ ಗೊತ್ತಿತ್ತು. ಅವರು ಬಾಯಿ ಬಿಟ್ಟು ಕೇಳಿದಾಗ, "ಮರಿ ಬರ್ಲಿ, ಅಂಗಡಿ ಅವನ ಕೈಗೆ ಕೊಟ್ಟು ಬರ್ತೀನಿ" ಎಂದೆ. ಅವರೂ ಒಂದಷ್ಟು ಕಾಲ ಕಾದರು. ಆಮೇಲೆ ಬೇರೆ ಊರಿಗೆ ವರ್ಗವಾಗಿ ಹೋದರು.

ಗುಹೆಮನೆಗಳ ಸಾಲಿನ ಕೊನೆಯಲ್ಲಿ ಕಲ್ಲು ಕೊರೆದೇ ಮಾಡಿದ ಒಂದು ಊಟದ ಮನೆಯಿತ್ತು. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪಾಗಿತ್ತು. ನಾವು ಕುಳಿತ ಮೇಜಿನ ಮೇಲೆ ಆಗಲೇ ಬ್ರೆಡ್ಡಿನ ಬುಟ್ಟಿ ಇಟ್ಟಿದ್ದರು. ಅಕ್ಕ ಕೈಚೀಲದ ಜಿಪ್ಪನ್ನು ಸುಮ್ಮನೆ ಎಳೆಯುತ್ತಿದ್ದಳು, ಮುಚ್ಚುತ್ತಿದ್ದಳು. ನಾನು ಹಸಿವಿನಲ್ಲಿ ಒಂದು ಬ್ರೆಡ್ ಎತ್ತಿಕೊಂಡೆ. ಎತ್ತಿದ ಕೈ ಹಾಗೇ ನಿಂತಿತು.

ಬ್ರೆಡ್ ಒಲೆಗೆ ಹೋಗುವ ಮುಂಚೆ ಅದರ ಬೆನ್ನ ಮೇಲೆ ಬ್ಲೇಡಿನಿಂದ ಗೀರು ಹಾಕುತ್ತೇವೆ. ಇಲ್ಲದಿದ್ದರೆ ಅದು ಎಲ್ಲೆಂದರಲ್ಲಿ ಬಿರಿಯುತ್ತದೆ. ಅಪ್ಪ ಎಡಚರು, ಅವರ ಗೀರು ಎಡಕ್ಕೆ ವಾಲುತ್ತಿತ್ತು. ಅವರನ್ನು ನೋಡಿ ಕಲಿತ ನಾನೂ ಮರಿಯೂ ಬಲಗೈಯಲ್ಲೇ ಎಡಕ್ಕೆ ವಾಲಿಸಿ ಗೀರುತ್ತೇವೆ. ಮಣಿಕಟ್ಟು ಅಷ್ಟು ತಿರುಗುವುದಿಲ್ಲ, ಹಾಗಾಗಿ ಕೊನೆಯ ಗೀರಿನ ಬಾಲ ಡೊಂಕಾಗುತ್ತದೆ. ಅಪ್ಪ ಎಷ್ಟು ಬೈದರೂ ಅದು ನೆಟ್ಟಗಾಗಲಿಲ್ಲ. ಲೋಕದಲ್ಲಿ ಆ ತಪ್ಪು ಮಾಡುವವರು ನಾವಿಬ್ಬರೇ, ಮತ್ತು ಈ ಬ್ರೆಡ್ ನಾನು ಮಾಡಿದ್ದಲ್ಲ.

"ಅಕ್ಕಾ, ಮರಿ ಇಲ್ಲಿದಾನೆ!" ಎಂದು ಕೂಗಿಯೇಬಿಟ್ಟೆ. ಸಂತೋಷಕ್ಕೆ ಎದ್ದು ನಿಂತಿದ್ದೆ. ಎಂಥ ಪುಣ್ಯ, ಎಲ್ಲಿಂದೆಲ್ಲಿಗೆ ಬಂದು ಸಿಕ್ಕಿದ ಎಂದುಕೊಂಡು ಅಕ್ಕನ ಮುಖ ನೋಡಿದೆ. ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ಕೂತ್ಕೋ" ಎಂದಳು. "ಹೇಳ್ತೀನಿ, ಕೂತ್ಕೋ. ಜನ ನೋಡ್ತಿದಾರೆ."

"ನಿಂಗೆ ಗೊತ್ತಿತ್ತು."

"ಅವನೇ ಫೋನ್ ಮಾಡಿದ್ದ. ಆಗ ಅಪ್ಪ ಇದ್ರು. ಯಾರಿಗೂ ಹೇಳ್ಬೇಡ ಅಂದ."

"ಅಪ್ಪ ಹೋದ್ಮೇಲೆ?"

ಅಕ್ಕ ಮತ್ತೆ ಜಿಪ್ಪು ಎಳೆದಳು.

"ಅಪ್ಪ ಹೋದ್ಮೇಲೆ ಯಾಕೆ ಹೇಳ್ಲಿಲ್ಲ? ಅಮ್ಮ ದಿನಾ ಆ ಬಾಗಿಲು ನೋಡ್ಕೊಂಡು ಕೂತಿರ್ತಿದ್ಲು. ನೀನೂ ಬಂದಾಗ ನೋಡಿದೀಯ. ನೋಡ್ಕೊಂಡು ಕಾಫಿ ಕುಡಿದು ಹೋದೆ!"

"ಅವನು ಬಂದಿದ್ರೆ ನೀನು ಅಂಗಡಿ ಅವನಿಗೆ ಬಿಟ್ಟು ಆ ಮೇಷ್ಟ್ರ ಹಿಂದೆ ಹೋಗ್ತಿದ್ದೆ" ಎಂದಳು ಅಕ್ಕ, ಗಟ್ಟಿಯಾಗೇನೂ ಅಲ್ಲ, ತರಕಾರಿಯ ಲೆಕ್ಕ ಹೇಳುವಷ್ಟು ತಣ್ಣಗೆ. "ಮರಿಗೆ ಅಮ್ಮನ್ನ ನೋಡ್ಕೊಳ್ಳೋಕೆ ಬರ್ತಿತ್ತಾ? ಕೊನೆಗೆ ನನ್ನ ಕೊರಳಿಗೇ ಬೀಳ್ತಿತ್ತು. ನಮ್ಮನೇಲಿ ನಿಮ್ಮ ಭಾವ ಹೇಗೆ ಅಂತ ನಿಂಗೊತ್ತು. ನೀನಾದ್ರೆ ಚೆನ್ನಾಗಿ ನೋಡ್ಕೋತಿದ್ದೆ."

ನಂಬಿಸಿ ಕತ್ತು ಕೊಯ್ಯುವುದು ಎನ್ನುತ್ತಾರೆ. ಇವಳು ಕೊಯ್ದದ್ದಲ್ಲದೆ, ಚೆನ್ನಾಗಿ ಕೊಯ್ಯಿಸಿಕೊಂಡೆ ಎಂದು ಬೆನ್ನೂ ತಟ್ಟುತ್ತಿದ್ದಳು. ನನ್ನ ಆಯುಸ್ಸನ್ನು ಯಾರೋ ನನ್ನನ್ನು ಕೇಳದೆ ಬಳಸಿಕೊಂಡಿದ್ದರು, ಆ ಯಾರೋ ನನ್ನ ಅಕ್ಕ ಎಂಬುದಷ್ಟೇ ತಲೆಯಲ್ಲಿ ತಿರುಗುತ್ತಿತ್ತು.

ಅಷ್ಟರಲ್ಲಿ ಒಳಗಿನ ಪರದೆ ಸರಿಯಿತು. ಮೊಣಕೈವರೆಗೆ ಹಿಟ್ಟು, ಕಿವಿಯ ಬಳಿ ನರೆ, ಅಪ್ಪನದೇ ಭುಜ. ನನ್ನನ್ನು ಕಂಡು ಮರಿ ಅಲ್ಲೇ ನಿಂತ.

"ಚಿಕ್ಕಕ್ಕಾ" ಎಂದ. ಹತ್ತಿರ ಬರಲು ಅವನಿಗೆ ಹೆದರಿಕೆಯಿತ್ತು. "ಅಂತೂ ಬಂದ್ಯಾ. ನನ್ನ ಮುಖಾನೇ ನೋಡಲ್ಲ ಅಂದಿದ್ಯಂತೆ. ಅಪ್ಪ ಹೋದಾಗ್ಲೂ ಅವನು ಬರೋದು ಬೇಡ ಅಂದ್ಯಂತೆ. ತಪ್ಪು ನಂದೇ, ನಾನೇನೂ ಬೇಜಾರು ಮಾಡ್ಕೊಂಡಿಲ್ಲ."

ನಾನು ಅಕ್ಕನತ್ತ ತಿರುಗಿದೆ. ಅವಳು ಮೇಜಿನ ಗೆರೆಗಳನ್ನು ಓದುತ್ತಿದ್ದಳು. ಅಲ್ಲಿ ಅವಳ ಸಂಸಾರ ಸುಗಮ, ಇಲ್ಲಿ ಗೂಬೆ ನನ್ನ ತಲೆಯ ಮೇಲೆ.

ನಾನು ಮಾತಾಡದಿದ್ದುದನ್ನು ಮರಿ ಕ್ಷಮೆ ಎಂದುಕೊಂಡನೋ ಏನೋ, ಮುಖ ಅರಳಿತು. "ಅಮ್ಮನ್ನೂ ಕರ್ಕೊಂಡು ಬರಬಹುದಿತ್ತಲ್ಲ. ಮೆಟ್ಟಿಲು ಹತ್ತೋಕಾಗಲ್ಲ ಅಂತ ಕೆಳಗಡೆ ಗುಹೇಲೇ ಒಂದು ಕೋಣೆ ಮಾಡಿಟ್ಟಿದೀನಿ. ಮಂಚ ಹಾಕ್ಸಿದೀನಿ, ಗೋಡೆಗೆ ಸುಣ್ಣ ಬಳಿದಿದೀನಿ. ಚಿಕ್ಕಕ್ಕ ಒಪ್ಪಿದ್ರೆ ಅಮ್ಮಾನೂ ಬರ್ತಾಳೆ ಅಂತ ದೊಡ್ಡಕ್ಕ ಹೇಳಿದ್ಲು. ಹೇಗಿದಾಳೆ ಅಮ್ಮ?"

ಆಗ ಎಲ್ಲ ತಿಳಿಯಿತು. ಕಲ್ಲು ತೋರಿಸಲು ಅಲ್ಲ, ನನ್ನ ದುಃಖ ಮರೆಸಲೂ ಅಲ್ಲ. ಅಮ್ಮ ಸತ್ತದ್ದನ್ನು ಅಕ್ಕ ಇವನಿಗೆ ಹೇಳಿಯೇ ಇರಲಿಲ್ಲ. ಹೇಳಲು ಬಾಯಿ ಬಾರದೆ, ಹೇಳುವವಳನ್ನು ಕರೆದುಕೊಂಡು ಬಂದಿದ್ದಳು. ಅಮ್ಮನ ಹಾಸಿಗೆ ಒಗೆಯುವುದರಿಂದ ಹಿಡಿದು ಚಟ್ಟ ಎತ್ತಿಸುವವರೆಗೆ ಎಲ್ಲ ಕೆಲಸವೂ ನನ್ನದಾಗಿತ್ತು. ಇದೊಂದು ಬಾಕಿ ಇತ್ತು.

"ದೊಡ್ಡಕ್ಕ ಹೇಳ್ತಾಳೆ" ಎಂದೆ. ಜೀವನದಲ್ಲಿ ಮೊದಲ ಸಲ ಅವಳ ಕೆಲಸ ಅವಳಿಗೇ ಬಿಟ್ಟೆ.

ಅಕ್ಕ ತಲೆ ಎತ್ತಲಿಲ್ಲ. ಮರಿ ಅವಳನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಅವಳನ್ನು ನೋಡಿದ. ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಿದ್ದವನು ಒರೆಸುವುದನ್ನು ನಿಲ್ಲಿಸಿದ. ಒಲೆಯ ಮುಂದೆ ಕರಕಲು ಬ್ರೆಡ್ ಹಿಡಿದು ನಿಂತ ದಿನ ಅವನ ಮುಖ ಹೀಗೇ ಇತ್ತು. ಅಕ್ಕನ ಮೇಲಿನ ಹಟಕ್ಕೆ ಅವನನ್ನು ಇನ್ನೊಂದು ಕ್ಷಣ ಹಾಗೆ ನಿಲ್ಲಿಸಲು ನನ್ನಿಂದಾಗಲಿಲ್ಲ.

"ಅಮ್ಮ ಹೋದ್ಲು ಮರಿ" ಎಂದೆ. "ಹಿಂದಿನ ಬಾಗಿಲು ಕೊನೇವರೆಗೂ ತೆಗೆದೇ ಇತ್ತು."

ಅವನಿಗಿಂತ ಮೊದಲು ಅತ್ತವಳು ಅಕ್ಕ. ಜಿಪ್ಪು, ಚೀಲ ಎಲ್ಲ ಬಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗೋಳೋ ಎಂದು ಅತ್ತಳು. ಮರಿ ತಡವರಿಸುತ್ತ ಮುಂದೆ ಬಂದ. ನಾನು ಕೈ ಚಾಚಿದೆ. ಅವನು ನನ್ನನ್ನು ದಾಟಿ ಹೋಗಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡ. ಇಷ್ಟು ವರ್ಷ ಅವನನ್ನು ನೋಡಲು ಬಂದವಳು ಅವಳೇ ಅಲ್ಲವೆ? ನಾನು ಯಾರು, ಬೇಡ ಎಂದವಳು, ಈಗ ಈ ಸುದ್ದಿ ತಂದವಳು.

"ಅಳ್ಬೇಡ ದೊಡ್ಡಕ್ಕ" ಎನ್ನುತ್ತಿದ್ದ ಅವನು, ತಾನೂ ಅಳುತ್ತ. ಅವಳ ಕೂದಲಿಗೆಲ್ಲ ಹಿಟ್ಟು ಹತ್ತಿತ್ತು.

ಅವರಿಬ್ಬರ ಮೈ ತಾಗಿ ಮೇಜು ಅಲುಗಾಡುತ್ತಿತ್ತು. ಚಾಚಿದ ಕೈ ಚಾಚಿಯೇ ಇತ್ತಲ್ಲ, ಅದರಿಂದ ಬ್ರೆಡ್ಡಿನ ಬುಟ್ಟಿಯನ್ನು ಅಂಚಿನಿಂದ ಒಳಕ್ಕೆ ಸರಿಸಿದೆ, ಬಿದ್ದೀತು ಎಂದು.