ದೇವಯಾನಿಗೆ ಬೇಕಾದ ಕರೆಂಟು

ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ರಮ್ಯಶ್ರೀ ಜಗಲಿಯ ಮೇಲೆ ಕೂತು ಹಿತಕುತ್ತಿದ್ದಳು. ಎದುರಿಗೆ ಮಗಳು ತೇಜು. ಹನ್ನೊಂದು ವರ್ಷದ ಹುಡುಗಿ ಹಿತಕಿದ ಕಾಳು ಅರ್ಧಕ್ಕರ್ಧ ಬಟ್ಟಲಿನಾಚೆಗೇ ಚಿಮ್ಮುತ್ತಿದ್ದವು.

"ಅಮ್ಮಾ."

"ಏನು ಮಗಾ?"

"ಏನಿಲ್ಲ."

ನಾಲ್ಕು ತಿಂಗಳಿಂದ ಹೀಗೇ. ಅಪ್ಪ ತೀರಿಹೋದ ದಿನದಿಂದ ತೇಜು ಅವನ ಹೆಸರೆತ್ತಿರಲಿಲ್ಲ, ಒಂದು ದಿನ ಗಟ್ಟಿಯಾಗಿ ಅತ್ತೂ ಇರಲಿಲ್ಲ. ಏನೋ ಒಂದು ಮಾತು ಅವಳ ನಾಲಿಗೆಯ ತುದಿಗೆ ಬರುತ್ತಿತ್ತು, ಅಮ್ಮ ತಲೆಯೆತ್ತಿದರೆ ಒಳಕ್ಕೆ ಹೋಗುತ್ತಿತ್ತು. ಊಟ ಕಮ್ಮಿಯಾಗಿತ್ತು. ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದಳು. ಆ ಮಾತು ಹೊರಗೆ ಬಾರದೆ ಮಗು ನೆಟ್ಟಗಾಗುವುದಿಲ್ಲ ಎಂದು ರಮ್ಯಶ್ರೀಗೆ ಗೊತ್ತಿತ್ತು. ಕೆದಕಿದರೆ ಇನ್ನೂ ಒಳಕ್ಕೆ ಹೋದೀತೆಂದು ಕಾಯುತ್ತಿದ್ದಳು.

ಬೈಕು ಬಂದು ಬಾಗಿಲಲ್ಲಿ ನಿಂತಿತು. ಅವರೆಕಾಳು ಹಿತಕುವುದು ಅಲ್ಲಿಗೇ ನಿಂತಿತು.

ಬಂದವನು ಮಂಡ್ಯದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವ ಸುದರ್ಶನ್. ನಾಲ್ಕು ವರ್ಷದ ಹಿಂದೆ ದೂರದರ್ಶಕ ತಿರುಗಿಸುವ ಪುಟ್ಟ ಮೋಟಾರು ಕೆಟ್ಟಿತೆಂದು ಕಿರುಗಾವಲಿಗೆ, ರಮ್ಯಶ್ರೀಯ ಗಂಡ ಲಿಂಗರಾಜುವಿನ ಮೋಟ್ರು ರಿವೈಂಡಿಂಗ್ ಅಂಗಡಿ ಹುಡುಕಿಕೊಂಡು ಬಂದಿದ್ದ. ಮೋಟಾರು ಸರಿಹೋಯಿತು. ಆಮೇಲೆ ಲಿಂಗರಾಜುವೇ ನಕ್ಷತ್ರದ ಹುಚ್ಚು ಹತ್ತಿಸಿಕೊಂಡ. ಹಗಲೆಲ್ಲ ಪಂಪ್‌ಸೆಟ್ಟಿಗೆ ತಂತಿ ಸುತ್ತುವುದು, ಅಮಾವಾಸ್ಯೆ ಬಂದರೆ ಬೆಳಕವಾಡಿಯ ಆಚೆ ಬೀದಿದೀಪ ಕಾಣದ ಬಂಡೆ ಮೇಲೆ ಕ್ಯಾಮೆರಾ ಇಟ್ಟುಕೊಂಡು ಕೂರುವುದು.

"ಏನಪ್ಪಾ ಮೇಷ್ಟ್ರೇ," ಎಂದರು ಒಳಗಿನಿಂದ ಬಂದ ಅತ್ತೆ ಜಯಲಕ್ಷ್ಮಮ್ಮ. "ಅಮಾಸೆ ಬಂತು ಅಂದ್ರೆ ನೀನೂ ಬಂದೇ ಬುಡ್ತೀಯ, ದೆವ್ವದಂಗೆ."

"ಏನು ಮಾಡೋದಜ್ಜಿ, ಚಂದ್ರ ಇದ್ರೆ ನಮ್ಮ ಕೆಲಸ ಆಗಲ್ಲ," ಎಂದು ಸುದರ್ಶನ್ ನಗಲು ನೋಡಿದ. ನಗು ಬರಲಿಲ್ಲ. ರಮ್ಯಶ್ರೀಯ ಕಡೆ ತಿರುಗಿದ. "ಅಕ್ಕಾ, ಲಿಂಗರಾಜು ದೇವಯಾನಿ ಗ್ಯಾಲಕ್ಸಿದು ಒಂಬತ್ತು ಗಂಟೆ ಬೆಳಕು ಕ್ಯಾಮೆರಾದಲ್ಲಿ ಕೂಡಿಸಿಟ್ಟಿದ್ದ. ಹನ್ನೆರಡಾದ್ರೆ ಪಟ ಆಗುತ್ತೆ. ಇವತ್ತು ಸಂಜೆ ಕತ್ತಲಾದ ಮೇಲೆ ಮೂರು ಗಂಟೆ ಸಿಗುತ್ತೆ. ಅವನ ಸಾಮಾನೇ ಬೇಕು. ತೇಜುನೂ ಬರಲಿ, ಅವಳ ಕೈಲೇ ಮುಗಿಸೋಣ."

ತೇಜು ಎದ್ದು ಒಳಗೆ ಹೋದಳು.

ಅಟ್ಟದ ಮೇಲಿದ್ದ ಚೀಲವನ್ನು ರಮ್ಯಶ್ರೀ ಇಳಿಸಿಕೊಟ್ಟಳು. ಅದರಲ್ಲಿ ಲಿಂಗರಾಜು ತಾನೇ ಕಟ್ಟಿದ್ದ ಲಿಥಿಯಂ ಬ್ಯಾಟರಿಯ ಡಬ್ಬ ಇತ್ತು. ಒಂದು ಕೈಯಲ್ಲಿ ಹಿಡಿದು ಬಂಡೆ ಹತ್ತುವಷ್ಟು ಹಗುರ. ಆಕಾಶದ ಜತೆ ದೂರದರ್ಶಕವನ್ನು ತಿರುಗಿಸುವ ಮೋಟಾರು, ಕ್ಯಾಮೆರಾ, ಗಾಜಿನ ಮೇಲೆ ಇಬ್ಬನಿ ಕೂರದಂತೆ ಬೆಚ್ಚಗಿಡುವ ಪಟ್ಟಿ ಎಲ್ಲಕ್ಕೂ ರಾತ್ರಿಯಿಡೀ ಕರೆಂಟು ಕೊಡಬೇಕಾದದ್ದು ಅದೇ. ಸುದರ್ಶನ್ ಮೀಟರಿನ ಕಡ್ಡಿ ಹಿಡಿದು ನೋಡಿದ.

"ಪೂರ್ತಿ ಇಳಿದೋಗಿದೆ. ಇರಲಿ ಬಿಡಿ, ನನ್ನದೇ ತಂದಿದೀನಿ." ಮುಚ್ಚಳದ ಒಳಗೆ ಬೆರಳಾಡಿಸಿದ. "ನೋಡಿ, ಕುಂಕುಮ ಇಟ್ಟಿದಾನೆ. ಆಯುಧಪೂಜೆ ಮಾಡಿರ್ತಾನೆ."

ರಮ್ಯಶ್ರೀ ಬಗ್ಗಿ ನೋಡಿದಳು. ಒಣಗಿದ ಕುಂಕುಮ, ಎರಡು ಅಕ್ಷತೆ ಕಾಳು. ಕೆಂಪು ತಂತಿಯ ಕೊನೆಗೆ ಆಟೋದವರು ಮಿಣಮಿಣ ಹಾಕಿಕೊಳ್ಳುವ ಎಲ್‌ಇಡಿ ಪಟ್ಟಿಯ ಒಂದು ತುಂಡು ಇನ್ನೂ ಸುತ್ತಿಕೊಂಡಿತ್ತು.

ಈ ಡಬ್ಬವನ್ನು ಕಟ್ಟಿದ್ದು ಆಷಾಢದಲ್ಲಿ. ಲಿಂಗರಾಜು ಹೋದದ್ದು ಮಹಾಲಯ ಅಮಾವಾಸ್ಯೆಯ ರಾತ್ರಿ. ದಸರೆ ಶುರುವಾದದ್ದೇ ಮರುದಿನ. ಈ ಬ್ಯಾಟರಿ ಒಂದು ಆಯುಧಪೂಜೆಯನ್ನೂ ಕಂಡಿರಲಿಲ್ಲ.

ಅವಳಿಗೆ ಮಹಾಲಯಕ್ಕೆ ಮುಂಚಿನ ಚೌತಿಯಲ್ಲಿ ಬೀದಿಯ ಮಕ್ಕಳೆಲ್ಲ ಸೇರಿ ಇಟ್ಟಿದ್ದ ಮೊಳದುದ್ದದ ಗಣಪತಿ ನೆನಪಾಯಿತು. ಆ ಮೂರು ಸಂಜೆಯೂ ಕರೆಂಟಿರಲಿಲ್ಲ. ಊರೆಲ್ಲ ಕತ್ತಲು, ಮಕ್ಕಳ ಗಣಪತಿ ಮಾತ್ರ ಹಸಿರು, ಕೆಂಪು ಬೆಳಕಿನಲ್ಲಿ ಜಗಮಗ. ಅವಳೂ ನಿಂತು ಕೈಮುಗಿದು ಬಂದಿದ್ದಳು. ಬೆಳಕು ಎಲ್ಲಿಂದ ಬಂತೆಂದು ಕೇಳಿರಲಿಲ್ಲ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ತಂತಿ ಕೂಡಿಸುವುದನ್ನು ಅಪ್ಪನ ಅಂಗಡಿಯಲ್ಲಿ ಕೂತು ಕಲಿತವಳು ಆ ಗುಂಪಿನಲ್ಲಿ ತೇಜು ಒಬ್ಬಳೇ. ಬೆಳಕು ಕೊಡುವ ವಸ್ತುವಿಗೂ ಪೂಜೆ ಮಾಡಬೇಕೆಂದು ಕುಂಕುಮ ಇಟ್ಟಿದ್ದಾಳೆ. ಗಣಪತಿ ಬಿಟ್ಟ ಮೇಲೆ ಡಬ್ಬವನ್ನು ಇದ್ದ ಜಾಗಕ್ಕೇ ಇಟ್ಟಿದ್ದಾಳೆ. ಚಾರ್ಜಿಗೆ ಹಾಕಲು ಮರೆತಿದ್ದಾಳೆ.

ಲಿಂಗರಾಜು ಮೀಟರು ಹಿಡಿಯದೆ ಎಂದೂ ಹೊರಟವನಲ್ಲ. ಅವತ್ತು ಮಾತ್ರ ಮನೆಯಲ್ಲಿ ಹಿರಿಯರಿಗೆ ಎಡೆ ಇಟ್ಟು, ಬಂದವರಿಗೆ ಬಡಿಸಿ, ಹೊರಡುವುದು ತಡವಾಗಿತ್ತು. ತಾನೇ ತುಂಬಿಸಿಟ್ಟದ್ದಲ್ಲವೇ ಎಂಬ ಧೈರ್ಯ. ಬಂಡೆ ಮೇಲೆ ಹೋದಾಗ ಡಬ್ಬ ಖಾಲಿ. ಕೆಳಗೆ ಬೋರಯ್ಯನ ಹೊಲದಲ್ಲಿ ನಿಂತಿದ್ದ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ಹೆಗಲ ಮೇಲಿಟ್ಟುಕೊಂಡು ಹತ್ತಿದ್ದ. ಇಪ್ಪತ್ತೈದು ಕೆಜಿಗೆ ಕಮ್ಮಿಯಿಲ್ಲ. ಬೆಳಿಗ್ಗೆ ನೋಡಿದರೆ ಬ್ಯಾಟರಿ ಮೇಲಿತ್ತು, ತಂತಿ ಕೂಡಿಸಿತ್ತು, ಅವನು ಪಕ್ಕದಲ್ಲಿ ಮಲಗಿದ್ದ. ಹೃದಯದ ರಕ್ತನಾಳ ಬಹಳ ದಿನದಿಂದ ಕಟ್ಟಿಕೊಂಡಿತ್ತು ಎಂದರು ಡಾಕ್ಟರು. ತೂಕ ಹೊತ್ತದ್ದರಿಂದ ಹೀಗಾಯಿತಾ ಎಂದು ಅವಳು ಕೇಳಿದ್ದಳು. "ಹಾಗೆ ಹೇಳಕ್ಕಾಗಲ್ಲಮ್ಮ, ಅಲ್ಲ ಅಂತಲೂ ಹೇಳಕ್ಕಾಗಲ್ಲ," ಎಂದಿದ್ದರು.

ರಮ್ಯಶ್ರೀ ಎಲ್‌ಇಡಿ ತುಂಡನ್ನು ಬಿಚ್ಚಿ ಮಡಿಲಿಗೆ ಹಾಕಿಕೊಂಡಳು. ಈಗಲೇ ಒಳಗೆ ಹೋಗಿ ನಿನ್ನದೇನೂ ತಪ್ಪಿಲ್ಲ ಎಂದುಬಿಡಬಹುದು. ಆದರೆ ಕೇಳದೆ ಹೇಳಿದರೆ ಮಗು ಅದನ್ನು ಸಮಾಧಾನ ಎಂದುಕೊಳ್ಳುತ್ತದೆ, ನಿಜ ಎಂದುಕೊಳ್ಳುವುದಿಲ್ಲ. ಕೇಳಿದರೆ ಹೇಳಲು ಪೂರ್ತಿ ನಿಜ ತನ್ನ ಹತ್ತಿರವೂ ಇಲ್ಲ.

"ನಾವಿಬ್ಬರೂ ಬರ್ತೀವಿ ಸುದರ್ಶನ್," ಎಂದಳು.

"ನಿಂಗೇನು ತಲೆ ಕೆಟ್ಟದಾ?" ಜಯಲಕ್ಷ್ಮಮ್ಮನ ದನಿ ಏರಿತು. "ಅಮಾಸೆ ದಿವ್ಸ, ಅದೇ ಬಂಡೆಗೆ, ಹೆಣ್ಮಗ ಕರ್ಕೊಂಡು!"

"ಮಗು ಮನಸ್ಸಲ್ಲಿ ದಿನಾ ಆ ಬಂಡೆ ಹತ್ತಿ ಇಳೀತಾ ಇದೆ ಅತ್ತೆ. ಒಂದ್ಸಲ ಕಾಲಲ್ಲಿ ಹತ್ತಲಿ."

ಮುದುಕಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಟೋಪಿ, ಶಾಲು ತಂದು ಸೊಸೆಯ ಮುಂದೆ ಹಾಕಿದರು. "ಮಂಜು ಬೀಳ್ತದೆ. ಕಿವಿ ಮುಚ್ಚು ಅದಕ್ಕೆ."

ಬರುತ್ತೀಯಾ ಎಂದದ್ದಕ್ಕೆ ತೇಜು ಚಪ್ಪಲಿ ಮೆಟ್ಟಿಕೊಂಡಳು.

ಅವರು ಬೆಳಕವಾಡಿ ದಾಟಿ ಹೊಲ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಬೋರಯ್ಯ ಕಬ್ಬಿನ ಬದುವಿನಿಂದ ಎದ್ದು ಬಂದ. ರಮ್ಯಶ್ರೀಯನ್ನು ಕಂಡವನೇ ತಲೆಗೆ ಸುತ್ತಿದ್ದ ಟವಲ್ಲು ತೆಗೆದ.

"ಇವತ್ತು ಬ್ಯಾಟ್ರಿ ನಾನು ಒತ್ಕೊಂಡ್ ಬತ್ತೀನಿ, ಬುಡಿ," ಎಂದು ಸುದರ್ಶನನ ಕೈಯಿಂದ ಡಬ್ಬ ಕಿತ್ತುಕೊಂಡ. ಅದು ಹಗುರವಾಗಿತ್ತು. ಅದನ್ನೇ ನೋಡುತ್ತ ನಿಂತ. "ಅವತ್ತು ಒಂದ್ ಕೂಗು ಆಕಿದ್ರೆ ಸಾಕಿತ್ತು ಕಣವ್ವ. ಅಲ್ಲೇ ಶೆಡ್ನಲ್ಲಿ ಮನಗಿದ್ದೆ. ನಿದ್ದೆ ಕೆಡಿಸ್ಬಾರ್ದು ಅಂದ್ಕೊಂಡ್ನೋ ಏನೋ, ಪುಣ್ಯಾತ್ಮ. ಅಷ್ಟೊಂದ್ ತೂಕದ್ದ ಒಬ್ನೇ..." ಪಕ್ಕದಲ್ಲಿದ್ದ ಹುಡುಗಿ ಕಣ್ಣಿಗೆ ಬಿದ್ದಳು. ಮಾತು ಅರ್ಧಕ್ಕೇ ನಿಂತಿತು. "ಹುಸಾರಾಗಿ ಅತ್ತು ಮಗಾ, ಜಾರ್ತದೆ," ಎಂದು ಮುಂದೆ ನಡೆದ.

ಬಂಡೆ ಮೇಲೆ ಸುದರ್ಶನ್ ಮುಕ್ಕಾಲಿ ಊರಿ, ದೂರದರ್ಶಕ ಕೂರಿಸಿ, ತಂತಿಗಳನ್ನು ಬಿಡಿಸಿಟ್ಟ. ಮಳವಳ್ಳಿಯ ಕಡೆ ಆಕಾಶದಂಚಿಗೆ ಮಾಸಲು ಬೆಳಕು, ಉಳಿದ ಮೂರು ದಿಕ್ಕು ಕಪ್ಪು. ಒಂದೊಂದೇ ನಕ್ಷತ್ರ ಮೂಡಿದವು.

"ಬಾ ತೇಜು, ಕೆಂಪು ತಂತಿ ನೀನು ಕೊಡು. ನಿಮ್ಮಪ್ಪನಿಗಿಂತ ಬೇಗ ಕೊಡ್ತಿದ್ದೆ ನೀನು."

ತೇಜು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಸುದರ್ಶನ್ ಏನೋ ಹೇಳಹೋದ. ರಮ್ಯಶ್ರೀ ಬೇಡವೆಂದು ತಲೆಯಾಡಿಸಿದಳು. ಅವನೇ ಕೂಡಿಸಿದ. ಮೋಟಾರು ಸಣ್ಣಗೆ ಗುಂಯ್‌ಗುಟ್ಟಿತು. ದೂರದರ್ಶಕ ತಾನಾಗಿ ಕತ್ತೆತ್ತಿ ದೇವಯಾನಿಯ ಕಡೆ ತಿರುಗತೊಡಗಿತು.

ರಮ್ಯಶ್ರೀ ಬಂಡೆಯ ಮೇಲೆ ಕೂತು ಶಾಲಿನ ಒಂದು ಪಾಲು ತೆರೆದಳು. ತುಂಬ ಹೊತ್ತಾದ ಮೇಲೆ ಮಗಳು ಬಂದು ಅದರೊಳಗೆ ಸೇರಿಕೊಂಡಳು. ಅವಳ ಹಲ್ಲು ಕಟಕಟ ಎನ್ನುತ್ತಿತ್ತು.

"ಅಮ್ಮಾ."

"ಏನು ಮಗಾ?"

ಈ ಸಲ 'ಏನಿಲ್ಲ' ಬರಲಿಲ್ಲ. ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು. ರಮ್ಯಶ್ರೀ ಅಲುಗಾಡಲಿಲ್ಲ, ಅವಳ ಮುಖದ ಕಡೆಗೂ ನೋಡಲಿಲ್ಲ.

"ಗಣಪತಿಗೆ ಲೈಟ್ ಹಾಕಕ್ಕೆ ಅಪ್ಪನ ಬ್ಯಾಟ್ರಿ ತಗೊಂಡೋಗಿದ್ದು ನಾನು. ಖಾಲಿ ಮಾಡ್ಬಿಟ್ಟು ಹಂಗೇ ಇಟ್ಟಿದ್ದೆ. ಅದುಕ್ಕೇ ಏನಮ್ಮಾ ಅಪ್ಪ ಸತ್ತೋಗಿದ್ದು?"